ತಟ್ಟೆಯ ನಡುವಿನ ಗೆರೆ

ತುತ್ತು ಇನ್ನೂ ನುಣ್ಣಗಾಗಿರಲಿಲ್ಲ, ನುಂಗಿಬಿಟ್ಟೆ ಎಂದು ಅಕ್ಕನಿಗೆ ಹೊಳೆಯುವಷ್ಟರಲ್ಲಿ ಅದು ಎದೆಯ ನಡುವೆ ಬಂದು ಕುಳಿತಾಗಿತ್ತು. ಅವಳು ಅಲುಗಾಡದೆ ಕುಳಿತಳು. ಮೂಗಿನಲ್ಲಿ ನೀರು ಬಂತು, ಆಮೇಲೆ ಕಣ್ಣಿನಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಗಲವಾದ ಸ್ಟೀಲು ತಟ್ಟೆ. ಅದರ ಆಚೆ ಬದಿಗೆ ಕುಳಿತ ತಂಗಿ ತಲೆ ಎತ್ತದೆ ಉಣ್ಣುತ್ತಿದ್ದಳು. ಇನ್ನು ತಡೆಯಲಾರೆ ಎನಿಸಿದಾಗ ಅಕ್ಕ ಎದ್ದು ಹಿಂದಿನ ಕೋಣೆಯ ಸಿಂಕಿಗೆ ಬಾಗಿದಳು. ನೊರೆ ನೊರೆ ಎಂಜಲು, ಅದರ ಹಿಂದೆಯೇ ಅಗಿಯದ ಅನ್ನ.

ತಂಗಿ ಓಡಿಬಂದು ಎಂಜಲು ಕೈಯನ್ನು ದೂರ ಹಿಡಿದು ಎಡಗೈಯಿಂದ ಬೆನ್ನು ಸವರಿದಳು. ಬೆನ್ನಿನ ಮೂಳೆ ಕೈಗೆ ಸಿಕ್ಕಿತು. ಮೊದಲು ಆ ಬೆನ್ನಿನಲ್ಲಿ ಮೂಳೆ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಬಾಯಿ ತೊಳೆದು ಬರುವಷ್ಟರಲ್ಲಿ ತಂಗಿ ಮೇಜಿಗೆ ಹಿಂತಿರುಗಿ ತಟ್ಟೆಯನ್ನು ಬಳಿದು ಮುಗಿಸಿದ್ದಳು. ಒಂದು ಅಗುಳೂ ಇರಲಿಲ್ಲ. ಅಕ್ಕನ ಎದೆ ಇನ್ನೂ ಉರಿಯುತ್ತಿತ್ತು, ಆದರೆ ಆ ಖಾಲಿ ತಟ್ಟೆ ನೋಡಿ ಆದ ಸಂಕಟದ ಮುಂದೆ ಅದು ಏನೂ ಅಲ್ಲ.

ಈ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ತಾಯಿಗೆ ಬೆಳಿಗ್ಗೆ ಕೆಲಸಕ್ಕೆ ಓಡುವ ಅವಸರ; ಎರಡು ತಟ್ಟೆ ತೊಳೆಯುವ ಪುರುಸೊತ್ತು ಅವಳಿಗೆಲ್ಲಿತ್ತು. ಒಂದರಲ್ಲೇ ಬಡಿಸಿ, ಬೆರಳಿನಿಂದ ನಡುವೆ ಒಂದು ಗೆರೆ ಎಳೆದು, ಇದು ನಿನ್ನದು ಇದು ಅವಳದು ಎಂದು ಹೇಳಿ ಚಪ್ಪಲಿ ಮೆಟ್ಟುತ್ತಿದ್ದಳು. ತನ್ನ ಪಾಲು ಮೊದಲು ಮುಗಿಸಿದವಳು ಗೆರೆ ದಾಟಬಹುದು ಎಂಬ ಕಾನೂನು ಮಾತ್ರ ಮಕ್ಕಳದೇ. ಇಬ್ಬರೂ ದೊಡ್ಡವರಾದರು, ಅಡ್ಡಡ್ಡವಾಗಿಯೂ ದೊಡ್ಡವರಾದರು, ಸಮವಸ್ತ್ರ ಹೊಲಿಯುವ ಈ ಅಂಗಡಿ ಹಾಕಿದರು. ತಂಗಿಗೆ ಮದುವೆಯಾಗಿ ಎರಡು ಬೀದಿಯಾಚೆ ಸಂಸಾರ ಹೂಡಿದ ಮೇಲೂ ಮಧ್ಯಾಹ್ನದ ಊಟ ಇಲ್ಲೇ. ಅಕ್ಕ ಒಂಟಿಯಾಗಿ ಅಂಗಡಿಯ ಹಿಂದೆಯೇ ಇದ್ದಳು. ಅಡುಗೆ ಅವಳದು, ತಟ್ಟೆ ಇಬ್ಬರದು. ಮೈತುಂಬಿಕೊಂಡ ತಂಗಿಯನ್ನು ಅಕ್ಕ ಈಗಲೂ ಕರೆಯುವುದು ಪುಟ್ಟಿ ಎಂದೇ. ಗಿರಾಕಿಗಳು ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಆ ಊಟವೆಂದರೆ ಬರೀ ಊಟವಲ್ಲ. ಷಟರು ಅರ್ಧ ಇಳಿಸಿ ಕುಳಿತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಪುಟ್ಟಿ ಮೊದಲ ತುತ್ತಿಗೇ ಮೂಗು ಮುರಿಯುತ್ತಿದ್ದಳು: ಉಪ್ಪು ಕಮ್ಮಿ, ಖಾರ ಹೆಚ್ಚು, ಆಲೂಗಡ್ಡೆ ಇನ್ನೊಂದು ಚೂರು ಹುರಿಯಬೇಕಿತ್ತು. ಅವಳ ಬಾಯಲ್ಲಿರುವುದು ನಾಲಿಗೆಯಲ್ಲ, ತಪಾಸಣಾಧಿಕಾರಿ ಎಂದು ಅಕ್ಕ ಹೇಳುತ್ತಿದ್ದಳು. ಅಷ್ಟೆಲ್ಲ ಹುಳುಕು ತೆಗೆದವಳೇ ತನ್ನ ಪಾಲು ಮುಗಿಸಿ ಗೆರೆ ದಾಟಿ ಬರುತ್ತಿದ್ದಳು, ಬರುವಾಗ ಗರಿಗರಿ ಚೂರೊಂದನ್ನು ಅಕ್ಕನ ಕಡೆಗೆ ತಳ್ಳುತ್ತಿದ್ದಳು.

ಆಮೇಲೆ ಅಕ್ಕನ ಮಂಡಿ ಕೈಕೊಟ್ಟಿತು, ಸಕ್ಕರೆ ಏರಿತು, ಹೊಲಿಗೆ ಯಂತ್ರದ ಮುಂದೆ ಕುಳಿತೇ ಏದುಸಿರು ಬಿಡುವಂತಾಯಿತು. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ, ಜಠರದ ಮೇಲ್ಭಾಗವನ್ನು ಬಿಗಿಹಿಡಿಯುವ ಒಂದು ಬ್ಯಾಂಡು ಹಾಕಿದರು. ಅದರ ಮೇಲೆ ಉಳಿದ ಜಾಗ ಪುಟ್ಟ ಬಟ್ಟಲಿನಷ್ಟು. ಅದು ತುಂಬಿದರೆ ಊಟ ಮುಗಿಯಿತು. ತೂಕ ಇಳಿಯಿತು, ಮಂಡಿ ಮಾತು ಕೇಳಿತು, ಗಿರಾಕಿಗಳು ಗುರುತು ಸಿಗಲಿಲ್ಲ ಎಂದರು. ಆದರೆ ಬ್ಯಾಂಡು ಹಾಕಿದ್ದು ಹೊಟ್ಟೆಗೆ, ಮನಸ್ಸಿಗಲ್ಲ. ಹೊಟ್ಟೆ ಹಸಿಯದಿದ್ದರೂ ಅಕ್ಕನಿಗೆ ಊಟದ ಆಸೆ ಹಾಗೇ ಇತ್ತು. ದಾರಿಯಲ್ಲಿ ಯಾರದೋ ಮನೆಯ ಒಗ್ಗರಣೆ ಚಟಪಟ ಎಂದರೆ ಅವಳ ಕಾಲು ತಾನಾಗಿ ನಿಧಾನವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಒಂದು ಪುಟ್ಟ ಬಟ್ಟಲು ಕೊಟ್ಟು, ಇದರಲ್ಲಿ ಬೇರೆಯಾಗಿ ಹಾಕಿಕೊಂಡು ತಿನ್ನಬೇಕು, ಪ್ರತಿ ತುತ್ತನ್ನೂ ಗಂಜಿಯಾಗುವವರೆಗೆ ಅಗಿಯಬೇಕು, ಸಾಕು ಅನ್ನಿಸುವ ಮೊದಲೇ ಕೈ ತೊಳೆಯಬೇಕು ಎಂದಿದ್ದಳು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಬೇರೆಯಾಗಿ ಎಂಬ ಒಂದು ಮಾತನ್ನು ಮಾತ್ರ ಆಸ್ಪತ್ರೆಯಲ್ಲೇ ಬಿಟ್ಟು ಬಂದಳು. ಪುಟ್ಟಿ ಒಬ್ಬಳೇ ಆ ದೊಡ್ಡ ತಟ್ಟೆಯ ಮುಂದೆ ಕುಳಿತಿರುವುದನ್ನು ಅವಳಿಗೆ ನೆನೆಸಲಾಗಲಿಲ್ಲ.

ತೊಂದರೆ ಎಂದರೆ, ಹಂಚಿ ಉಣ್ಣುವ ತಟ್ಟೆಯಲ್ಲಿ ಯಾರು ಎಷ್ಟು ಉಂಡರು ಎಂದು ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪುಟ್ಟಿ ಬದಲಾಗಿಬಿಟ್ಟಿದ್ದಳು. ಕುಳಿತದ್ದೇ ತಡ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಉಣ್ಣುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಅಕ್ಕ ಒಂದು ತುತ್ತು ಅಗಿಯುವುದರೊಳಗೆ ಅವಳು ತನ್ನ ಪಾಲು ಮುಗಿಸಿ ಗೆರೆ ದಾಟಿರುತ್ತಿದ್ದಳು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಒಂದೇ ಉತ್ತರ. ಅಕ್ಕನಿಗೆ ಮೊದಲು ನೋವಾಯಿತು: ನನಗೆ ಓಡಲಾಗದು ಎಂದು ತಿಳಿದೂ ಇವಳು ಪಂದ್ಯ ಗೆಲ್ಲುತ್ತಿದ್ದಾಳೆ. ಆಮೇಲೆ ಮರುಕವಾಯಿತು: ಪಾಪ, ಹಸಿದಿದ್ದಾಳೆ. ಮರುದಿನದಿಂದ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದಳು. ಪುಟ್ಟಿ ಅದನ್ನೂ ಮುಗಿಸಿದಳು, ಅಕ್ಕ ಇನ್ನೊಂದು ಹಿಡಿ ಹಾಕಿದಳು. ಇವತ್ತು ಅವಳ ಸಮಕ್ಕೆ ಉಣ್ಣಬೇಕೆಂಬ ಹಟದಲ್ಲಿ ತುತ್ತು ನುಂಗಿ ಸಿಂಕಿನ ಪಾಲು ಮಾಡಿದ್ದಳು.

ಮಧ್ಯಾಹ್ನ ಕೆಲಸ ಶುರುವಾದ ಮೇಲೆ ಪುಟ್ಟಿ ಮೇಲಿನ ಗೂಡಿನಿಂದ ದಾರದ ಉಂಡೆ ತೆಗೆಯಲು ಕೈ ಎತ್ತಿದಳು. ಪರ್ ಎಂದು ಸದ್ದಾಯಿತು. ಅವಳ ನೀಲಿ ಅಂಗಿಯ ಪಕ್ಕದ ಹೊಲಿಗೆ ಕಂಕುಳಿಂದ ಸೊಂಟದವರೆಗೆ ಬಾಯಿ ಬಿಟ್ಟಿತ್ತು. ಈ ನೀಲಿ ಅಂಗಿ ಇಬ್ಬರೂ ಕೆಲಸಕ್ಕೆ ತೊಡುವುದು. ಬಟ್ಟೆಯ ಒಂದೇ ಥಾನಿನಲ್ಲಿ, ಒಂದೇ ಕಾಗದದ ನಮೂನೆ ಇಟ್ಟು ಇಬ್ಬರಿಗೂ ಕತ್ತರಿಸುತ್ತಿದ್ದರು. ಯಾರದು ಯಾರಿಗಾದರೂ ಆಗುತ್ತಿತ್ತು. ಶಸ್ತ್ರಚಿಕಿತ್ಸೆಯ ನಂತರ ಅಕ್ಕ ತನ್ನದನ್ನು ಎರಡೂ ಪಕ್ಕದಲ್ಲಿ ಹಿಡಿದು ಹೊಲಿದಿದ್ದಳು, ಕತ್ತರಿಸಿದ ಪಟ್ಟಿಗಳನ್ನು ಎಸೆಯಲು ಮನಸ್ಸಾಗದೆ ಮೇಜಿನ ಕೆಳಗಿನ ಡಬ್ಬಿಯಲ್ಲಿಟ್ಟಿದ್ದಳು.

ಅಕ್ಕ ಟೇಪು ತೆಗೆದು ತಂಗಿಯ ಸುತ್ತ ಹಿಡಿದಳು. ಹೊಲಿಗೆಯವರಾದರೂ ಒಬ್ಬರನ್ನೊಬ್ಬರು ಅಳೆದ ನೆನಪೇ ಇರಲಿಲ್ಲ, ಅಗತ್ಯ ಬಿದ್ದಿರಲಿಲ್ಲ. ಇಬ್ಬರಿಗೂ ಆಗುತ್ತಿದ್ದ ಆ ನಮೂನೆಯ ಅಳತೆ ಅವಳಿಗೆ ಬಾಯಿಪಾಠ. ಟೇಪಿನ ತುದಿ ಅದನ್ನು ದಾಟಿ ಸುಮಾರು ದೂರ ಹೋಗಿತ್ತು. ತಾನು ಕಳೆದುಕೊಂಡದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅಕ್ಕನಿಗೆ ಆಗ ತಿಳಿಯಿತು.

"ಮನೇಲಿ ರಾತ್ರಿ ಏನ್ ತಿಂತೀಯೇ?" ಎಂದಳು.

"ಏನೂ ಇಲ್ಲ. ಮಧ್ಯಾಹ್ನದ್ದೇ ಇಳಿದಿರಲ್ಲ, ಹೊಟ್ಟೆ ಕಲ್ಲಿನ ಹಾಗಿರುತ್ತೆ."

"ಮತ್ತೆ ಇಲ್ಲಿ ಯಾಕೆ ಹಾಗೆ ತಿಂತೀಯ?"

ಪುಟ್ಟಿ ಎತ್ತಿದ ಕೈ ಇಳಿಸಲಿಲ್ಲ. ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು: "ಉಳಿದ್ರೆ ನೀನು ತಿಂತೀಯಲ್ಲ ಅಕ್ಕ. ನಿನ್ನ ಕೈ ನಂಗೊತ್ತಿಲ್ವಾ? ತಟ್ಟೇಲಿ ಇರೋವರೆಗೂ ನಿಲ್ಲಲ್ಲ. ಅದಕ್ಕೇ ನಾನೇ ಬೇಗ ಖಾಲಿ ಮಾಡಿಬಿಡ್ತೀನಿ."

ಅಕ್ಕ ಟೇಪು ಹಿಡಿದೇ ನಿಂತಳು. ನೀನು ಹಸಿದಿದ್ದೀಯ ಎಂದು ನಾನು ದಿನಾ ಅಕ್ಕಿ ಹೆಚ್ಚಿಸುತ್ತಿದ್ದೆ ಎಂದು ಹೇಳಿದಳು. ನಗಬೇಕಿತ್ತು, ಇಬ್ಬರಿಗೂ ನಗು ಬರಲಿಲ್ಲ. ಪುಟ್ಟಿ ಹರಿದ ಅಂಗಿಯ ಮೇಲೆ ಶಾಲು ಹೊದ್ದು, ನಾಳೆಯಿಂದ ಮನೆಗೇ ಹೋಗಿ ಉಣ್ಣುತ್ತೇನೆ ಎಂದಳು. ಅಕ್ಕ ಬೇಡ ಎನ್ನುವುದರೊಳಗೆ ಪುಟ್ಟಿಯಿಂದ ಇನ್ನೊಂದು ಮಾತೂ ಬಂತು, ಬಹಳ ಕಾಲದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಇಬ್ರೂ ಒಂದೇ ಥರ ಇದ್ವಿ. ನೀನೊಬ್ಳೇ ಎದ್ದು ಹೋದ ಹಾಗಾಯ್ತು ನಂಗೆ. ಹೇಳಬಾರ್ದು, ನಿನ್ನ ಮಂಡಿ ನೋವು ನಾನೇ ನೋಡಿದೀನಿ. ಆದ್ರೂ ಹಾಗೇ ಅನ್ನಿಸ್ತು."

ಮರುದಿನ ಪುಟ್ಟಿ ನಿಜವಾಗಿಯೂ ಮನೆಗೆ ಹೋದಳು. ಅಕ್ಕ ಪಥ್ಯದ ಹುಡುಗಿ ಕೊಟ್ಟ ಬಟ್ಟಲು ಹುಡುಕಿ ತೆಗೆದು, ಅದರ ಕಂಠದವರೆಗೆ ಅನ್ನ, ಬೇಳೆ, ಒಂದು ಚೂರು ಆಲೂಗಡ್ಡೆ ಹಾಕಿಕೊಂಡಳು. ಗಂಜಿಯಾಗುವವರೆಗೆ ಅಗಿದಳು. ಏನೂ ಸಿಕ್ಕಿಕೊಳ್ಳಲಿಲ್ಲ, ಎದೆ ಉರಿಯಲಿಲ್ಲ, ಎಲ್ಲ ಹೇಗಿರಬೇಕೋ ಹಾಗೆಯೇ ಇತ್ತು. ಆಸ್ಪತ್ರೆಯವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಎದುರಿನ ಸ್ಟೂಲು ಖಾಲಿ ಇತ್ತು, ಪುಟ್ಟಿಯ ಯಂತ್ರದಲ್ಲಿ ಅರ್ಧ ಹೊಲಿದ ತೋಳು ಸೂಜಿಯ ಕೆಳಗೆ ಸಿಕ್ಕಿಕೊಂಡಿತ್ತು. ಅಕ್ಕನಿಗೆ ಬೇಕಾದದ್ದು ಇನ್ನೊಂದು ತುತ್ತು ಅನ್ನವೇ, ಎದುರಿಗೆ ಕುಳಿತು ಮೂಗು ಮುರಿಯುವ ಒಂದು ಮುಖವೇ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಂತೂ ಬಟ್ಟಲು ಖಾಲಿಯಾದ ಮೇಲೂ ಬೆರಳು ಅದರ ತಳ ಸವರುತ್ತಲೇ ಇತ್ತು.

ಹೀಗೆಯೇ ಕೆಲವು ದಿನ ಕಳೆಯಿತು. ಪುಟ್ಟಿ ಊಟ ಮುಗಿಸಿ ಬಂದವಳು ನೇರ ಯಂತ್ರಕ್ಕೆ ಕೂರುತ್ತಿದ್ದಳು. ಏನು ಉಂಡೆ ಎಂದು ಅಕ್ಕ ಕೇಳಿದರೆ, ಏನೋ ಇತ್ತು ಎನ್ನುತ್ತಿದ್ದಳು. ಕೊನೆಗೆ ಅಕ್ಕ ಮೇಜಿನ ಕೆಳಗಿನ ಡಬ್ಬಿ ಎಳೆದಳು. ತನ್ನ ಅಂಗಿಯಿಂದ ಕತ್ತರಿಸಿದ ನೀಲಿ ಪಟ್ಟಿಗಳನ್ನು ಇಸ್ತ್ರಿ ಮಾಡಿ, ತಂಗಿ ಹೊಲಿಯಲೆಂದು ಅಂಗಡಿಗೆ ತಂದಿಟ್ಟಿದ್ದ ಹರಿದ ಅಂಗಿಯ ಎರಡೂ ಪಕ್ಕಕ್ಕೆ ಇಟ್ಟು ಹೊಲಿದಳು. ಒಂದೇ ಥಾನಿನ ಬಟ್ಟೆ. ಜೋಡಿಸಿದ್ದು ಎಲ್ಲಿ ಎಂದು ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು. ಮಧ್ಯಾಹ್ನ ಪುಟ್ಟಿ ಚೀಲ ಹೆಗಲಿಗೇರಿಸುತ್ತಿದ್ದಂತೆ, ಇದನ್ನು ತೊಟ್ಟು ನೋಡಿ ಹೋಗು ಎಂದಳು.

ಪುಟ್ಟಿ ತೊಟ್ಟಳು. ಪಕ್ಕವನ್ನು ಸವರಿ ನೋಡಿಕೊಂಡಳು. ತಿರುಗಿದಾಗ ಮೇಜಿನ ಮೇಲೆ ತಟ್ಟೆ ಇತ್ತು. ಅದರ ಅಂಚಿಗೆ ಅಕ್ಕ ಪುಟ್ಟ ಬಟ್ಟಲನ್ನು ಬೋರಲು ಹಾಕಿ ಎತ್ತಿದ್ದಳು; ಅಲ್ಲೊಂದು ಗುಂಡನೆಯ ಅನ್ನದ ಗುಡ್ಡೆ ನಿಂತಿತ್ತು. ಈ ಕಡೆ ತಂಗಿಯ ಪಾಲು, ಹೆಚ್ಚಿಸಿದ ಹಿಡಿಗಳೆಲ್ಲ ಬಿಟ್ಟು, ಮೊದಲಿನಷ್ಟೇ. ಅಕ್ಕ ಎರಡರ ನಡುವೆ ಬೆರಳಿಟ್ಟು ಗೆರೆ ಎಳೆದಳು. ಗೆರೆ ನಡುವಿಗೆ ಬೀಳದೆ ಅಕ್ಕನ ಬದಿಗೇ ಒತ್ತಿಕೊಂಡಿತ್ತು.

"ಇದು ನಂದು, ಅದು ನಿಂದು. ಯಾರು ಮೊದಲು ಮುಗಿಸಿದ್ರೂ ದಾಟೋ ಹಾಗಿಲ್ಲ. ನಾನೂ ದಾಟಲ್ಲ, ನೀನೂ ದಾಟಬೇಡ."

"ನಿಂಗಾಗುತ್ತಾ?"

"ಗೊತ್ತಿಲ್ಲ ಕಣೆ. ನೀನು ಎದುರಿಗೆ ಕೂತ್ರೆ ಆಗಬಹುದು."

ಪುಟ್ಟಿ ಚೀಲ ಇಳಿಸಿ ಷಟರನ್ನು ಅರ್ಧಕ್ಕೆ ಎಳೆದು ಬಂದು ಕುಳಿತಳು. ನಿಧಾನವಾಗಿ ಉಣ್ಣುವುದು ಅವಳಿಗೆ ಮರೆತೇ ಹೋಗಿತ್ತು. ಒಂದು ತುತ್ತಿಟ್ಟು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಳು. ಇಬ್ಬರೂ ಅಗಿದರು. ಹೊರಗೆ ಯಾರೋ ಷಟರು ತಟ್ಟಿ, ಒಳಗೆ ಇಣುಕಿ, ಊಟದ ಹೊತ್ತು ಎಂದು ತಿಳಿದು ಹೊರಟುಹೋದರು. ಅಕ್ಕನ ಗುಡ್ಡೆ ಸಣ್ಣದಾಗುತ್ತಾ ಬಂದು ಮುಗಿಯಿತು. ಗೆರೆಯ ಆಚೆ ಅನ್ನ ಇನ್ನೂ ಬೆಚ್ಚಗಿತ್ತು, ಹುರಿದ ಆಲೂಗಡ್ಡೆಯ ಕೆಂಪು ಅಂಚು ಕಾಣುತ್ತಿತ್ತು. ಅವಳ ಬೆರಳು ತಾನಾಗಿ ಗೆರೆಯವರೆಗೆ ಹೋಯಿತು. ಬಾಯಲ್ಲಿ ನೀರೂರಿತು, ಕಣ್ಣು ಅಲ್ಲೇ ನೆಟ್ಟಿತು, ಇಷ್ಟೇ ತಾನೇ ಎಂದು ಒಳಗೊಂದು ಧ್ವನಿ ಹೇಳಿತು. ಪುಟ್ಟಿ ಅದನ್ನು ನೋಡಿದಳು. ಅವಳ ಕೈಯೂ ಗಬಕ್ಕನೆ ಎಲ್ಲವನ್ನೂ ಬಳಿದುಬಿಡಲು ಸಿದ್ಧವಾಗಿ ತಟ್ಟೆಗೆ ಬಂತು, ಬಂದು ಅಲ್ಲೇ ನಿಂತಿತು.

ಸ್ವಲ್ಪ ಹೊತ್ತು ಗೆರೆಯ ಎರಡೂ ಕಡೆ ಎರಡು ಕೈ ಹಾಗೇ ಇದ್ದವು. ಆಮೇಲೆ ಅಕ್ಕ ತನ್ನದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹೇಗಿದೆ?" ಎಂದಳು.

ಪುಟ್ಟಿ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಗಿದಳು, ಇನ್ನೂ ಅಗಿದಳು. ಅವಳ ಮೂಗು ಒಂದು ಕಡೆಗೆ ಸೊಟ್ಟಗಾಯಿತು.

"ಉಪ್ಪು ಕಮ್ಮಿ."

ರುಚಿ ನೋಡಿದ ಚಮಚವೂ ತನ್ನ ಪಾಲಿಗೆ ಸೇರುತ್ತದೆಂಬ ಹೆದರಿಕೆಗೆ ಅಕ್ಕ ಬ್ಯಾಂಡು ಹಾಕಿದಂದಿನಿಂದ ಅಡುಗೆಯ ರುಚಿ ನೋಡುವುದನ್ನೇ ಬಿಟ್ಟಿದ್ದಳು. "ಎಷ್ಟು ದಿನದಿಂದ ಕಮ್ಮಿ?" ಎಂದಳು.

"ನಂಗೇನು ಗೊತ್ತು? ಇವತ್ತೇ ನಾಲಿಗೆಗೆ ತಾಗಿದ್ದು."

ಅಕ್ಕ ಎದ್ದು ಒಳಗೆ ಹೋಗಿ ಉಪ್ಪಿನ ಭರಣಿ ತಂದಳು. ಮೇಜಿನ ಮೇಲೆ ಬಾಗಿ, ಗೆರೆ ಮುಟ್ಟದ ಹಾಗೆ ಕೈಯನ್ನು ಎತ್ತರಕ್ಕೆ ಹಿಡಿದು, ಎರಡು ಬೆರಳ ನಡುವಿನ ಉಪ್ಪನ್ನು ಆ ಕಡೆಯ ಅನ್ನದ ಮೇಲೆ ಸಣ್ಣಗೆ ಉದುರಿಸಿದಳು.