ದಿನಕ್ಕೆ ಎಂಟು ಲೋಟ

ನೀರು ಕುಡಿದಷ್ಟು ಸುಲಭ ಎಂಬ ಮಾತನ್ನು ಹುಟ್ಟುಹಾಕಿದವನು ಗಂಡಸೇ ಇರಬೇಕು. ಈ ಮನೆಯ ಮೂವರು ಹೆಂಗಸರಂತೂ ಆ ಮಾತನ್ನು ಒಪ್ಪುವಂತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಅಡುಗೆಮನೆಯಲ್ಲಿ ತಿಂಡಿಯ ತಟ್ಟೆಗಳ ಪಕ್ಕ ಮೂರು ಲೋಟ ಇರುತ್ತಿದ್ದವು. ಮೂರಕ್ಕೂ ಅತ್ತೆಯೇ ನೀರು ಹಾಕುತ್ತಿದ್ದಳು, ಅದೂ ಅರ್ಧರ್ಧ. ಒಂದು ತನಗೆ, ಒಂದು ಸೊಸೆಗೆ, ಇನ್ನೊಂದು ಹತ್ತೊಂಬತ್ತರ ಮಗಳು ಪುಟ್ಟಿಗೆ.

"ಬಾಯಿ ಒದ್ದೆ ಆದ್ರೆ ಸಾಕು. ಸಂಜೆ ಮನೆಗೆ ಬಂದ್ಮೇಲೆ ಕೊಡ ಎತ್ತಿ ಕುಡೀರಿ, ಯಾರು ಬೇಡ ಅಂತಾರೆ?" ಎನ್ನುತ್ತಿದ್ದಳು.

ಇದು ಜಿಪುಣತನವಲ್ಲ. ನಲ್ಲಿಯಲ್ಲಿ ಬೇಕಾದಷ್ಟು ನೀರಿತ್ತು. ಲಾರಿ ಓಡಿಸುವ ಮಗ ವಾರಕ್ಕೆರಡು ದಿನ ಮನೆಗೆ ಬಂದಾಗ ಅವನಿಗೆ ತಂಬಿಗೆ ತುಂಬ ನೀರು ಕೊಟ್ಟು, ಇನ್ನೂ ಬೇಕಾ ಎಂದು ಕೇಳುತ್ತಿದ್ದವಳೂ ಇದೇ ತಾಯಿ.

ಮೂವರೂ ಕೆಲಸಕ್ಕೆ ಹೋಗುತ್ತಿದ್ದುದು ಊರಿನ ಇನ್ನೊಂದು ತುದಿಯ ಬೈಂಡಿಂಗ್ ಕಾರ್ಖಾನೆಗೆ. ಅಲ್ಲಿ ಹದಿನಾಲ್ಕು ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿ ಕೂತು, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟದ ಫಾರಂಗಳಾಗಿ ಮಡಿಸಿ ಜೋಡಿಸುತ್ತಿದ್ದರು. ಅತ್ತೆ ಆ ಮೇಜಿನ ಹಿರಿಯಳು. ಎಲ್ಲರೂ ಅವಳನ್ನು ಮೇಜಿನಮ್ಮ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕೆಲಸ. ಅಲ್ಲಿನ ಗಂಡಸರು ಬೇಕೆನಿಸಿದಾಗ ಓಣಿಯ ಕೊನೆಯ ಪಾಳುಗೋಡೆಯ ಹಿಂದೆ ಹೋಗಿ ಬರುತ್ತಿದ್ದರು. ಹೆಂಗಸರಿಗೆಂದು ಹಿಂದಿನ ಅಂಗಳದಲ್ಲಿ ಒಂದು ಶೌಚದ ಕೋಣೆ ಕಟ್ಟಿಸಿದ್ದುಂಟು. ಆದರೆ ಆರು ವರ್ಷದಿಂದ ಅದರೊಳಗೆ ಮಾರಾಟವಾಗದೆ ವಾಪಸು ಬಂದ ಪತ್ರಿಕೆಯ ಕಟ್ಟುಗಳು ಸೂರಿನವರೆಗೆ ತುಂಬಿದ್ದವು. ಅದು ಮಹಿಳೆಯರ ಮಾಸಪತ್ರಿಕೆ. ಅದನ್ನು ಮಡಿಸುವುದೇ ಇವರ ಕೆಲಸ. ಇನ್ನೊಂದು ಕೋಣೆ ಮಹಡಿಯ ಮೇಲೆ ಯಜಮಾನನ ಕಚೇರಿಗೆ ಅಂಟಿಕೊಂಡಿತ್ತು. ಅದರ ಬೀಗದ ಕೈ ಅವನ ಜೇಬು ಬಿಟ್ಟು ಹೊರಗೆ ಬಂದದ್ದಿಲ್ಲ.

ಹೊಸಬಳು ಯಾರಾದರೂ ಸೇರಿದರೆ ಮೇಜಿನಮ್ಮ ಮೊದಲ ದಿನ ಮಡಿಸುವುದನ್ನು ಕಲಿಸುತ್ತಿರಲಿಲ್ಲ, ತಡೆದುಕೊಳ್ಳುವುದನ್ನು ಕಲಿಸುತ್ತಿದ್ದಳು.

"ಕಾಲು ಜೋಡಿಸಿ ಕೂತ್ಕೋ. ಗಮನ ಕೈ ಮೇಲಿರ್ಲಿ. ಹೆಣ್ಣು ಅಂದ್ಮೇಲೆ ತಡ್ಕೋಬೇಕು ಕಣೇ. ಕೆಲಸದ ಮಧ್ಯೆ ಎದ್ದು, ಇವಳು ಒಂದಕ್ಕೆ ಹೊರಟ್ಲು ಅಂತ ನಾಲ್ಕು ಗಂಡಸರಿಗೆ ಗೊತ್ತಾಗೋದು, ಥೂ! ಮೂವತ್ತು ವರ್ಷದಲ್ಲಿ ನಾನೊಂದು ದಿನ ಈ ಸ್ಟೂಲ್ ಬಿಟ್ಟು ಎದ್ದವಳಲ್ಲ."

ಬೇರೆಯವರು ಮನೆ ಕಟ್ಟಿಸಿದ್ದನ್ನು ಹೇಳಿಕೊಳ್ಳುವ ಹಾಗೆ ಅವಳು ಇದನ್ನು ಹೇಳಿಕೊಳ್ಳುತ್ತಿದ್ದಳು. ಓದುವವರು ಇವಳನ್ನು ಕೆಟ್ಟವಳೆಂದು ಎಣಿಸಬಾರದು. ಅವಳಿಗೂ ಯಾರೋ ಒಬ್ಬಳು ಹೀಗೆಯೇ ಕಲಿಸಿದ್ದಳು, ಅವಳಿಗೆ ಮತ್ತೊಬ್ಬಳು. ಕೆಟ್ಟ ಪದ್ಧತಿಗಳು ಮನೆಯಿಂದ ಮನೆಗೆ ನಡೆಯುವುದು ಒಳ್ಳೆಯ ಹೆಂಗಸರ ಕಾಲಿನಿಂದಲೇ.

ಸೊಸೆಗೆ ಮಡಿಸುತ್ತ ಮಡಿಸುತ್ತ ಓದುವ ಚಟ. ಅದಕ್ಕೆ ಮೇಜಿನವರು ಅವಳಿಗೆ ಪಂಡಿತೆ ಎಂದು ಹೆಸರಿಟ್ಟಿದ್ದರು. ಅವಳ ಪಾಲಿಗೆ ಬರುತ್ತಿದ್ದುದು ಮೂರನೆಯ ಫಾರಂ, ಅಂದರೆ ಆರೋಗ್ಯದ ಪುಟಗಳು. ಆ ತಿಂಗಳು ಅದರಲ್ಲಿ ಒಬ್ಬ ಚೆಲುವೆ ಗಾಜಿನ ಲೋಟ ಹಿಡಿದು ನಗುತ್ತಿದ್ದಳು. ಕೆಳಗೆ, 'ದಿನಕ್ಕೆ ಎಂಟು ಲೋಟ ನೀರು, ಮೊಗಕ್ಕೆ ಬೆಳದಿಂಗಳ ಕಾಂತಿ' ಎಂದಿತ್ತು. ಪುಟ್ಟಿಯ ಫಾರಂನಲ್ಲಿ ಮನೆ ಸಿಂಗರಿಸುವ ಪುಟಗಳಿರುತ್ತಿದ್ದವು.

"ಅತ್ತಿಗೆ, ನೋಡಿ ಇಲ್ಲಿ. ಬಚ್ಚಲಲ್ಲಿ ಗಿಡ ಇಟ್ಟಿದಾರೆ, ಕುರ್ಚಿ ಇಟ್ಟಿದಾರೆ, ಓದೋಕೆ ಪತ್ರಿಕೆ ಬೇರೆ!" ಎಂದಳು ಪುಟ್ಟಿ.

"ನಮ್ಮ ಬಚ್ಚಲಲ್ಲೂ ಪತ್ರಿಕೆ ಇದೆ ಬಿಡೇ, ನಾವೇ ಇಲ್ಲ," ಎಂದಳು ಎದುರು ಕೂತಿದ್ದ ಗೋಂದು ಹಚ್ಚುವವಳು. ಮೇಜಿಗೆ ಮೇಜೇ ನಕ್ಕಿತು. ನಗುವಾಗಲೂ ಹುಷಾರಾಗಿ ನಗಬೇಕಿತ್ತು.

ಪುಟ್ಟಿಯ ನಗು ಆ ವಾರವೇ ಕಡಿಮೆಯಾಯಿತು. ಉರಿ ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿದಳು. ಆಮೇಲೆ ಸೊಂಟದ ಮೇಲೆ ನೋವು ಎಂದಳು. ಅತ್ತೆಗೆ ತಿಳಿದಾಗ, "ಉಷ್ಣ ಆಗಿದೆ ಅಷ್ಟೆ, ನನಗಾಗಿಲ್ವಾ?" ಎಂದು ತಲೆಗೆ ಎಣ್ಣೆ ಒತ್ತಿ ಕೆಲಸಕ್ಕೆ ಕರೆದೊಯ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಪುಟ್ಟಿ ಗಡಗಡ ನಡುಗುತ್ತ, ತಾನು ಮಡಿಸಿದ ಫಾರಂಗಳ ಮೇಲೆಯೇ ತಲೆಯಿಟ್ಟು ಬಿದ್ದಳು.

ಆಸ್ಪತ್ರೆಯ ವೈದ್ಯೆ ಪರೀಕ್ಷೆಗಳನ್ನೆಲ್ಲ ಮಾಡಿಸಿ, ತಾಯಿಯನ್ನೂ ಸೊಸೆಯನ್ನೂ ಎದುರು ಕೂರಿಸಿಕೊಂಡಳು.

"ಹುಡುಗಿ ಹಗಲು ಎಷ್ಟು ನೀರು ಕುಡೀತಾಳೆ?"

"ಒಂದು ಹನಿ ಇಲ್ಲ!" ಎಂದಳು ಅತ್ತೆ, ಮಗಳ ನಡತೆಗೆ ಸರ್ಟಿಫಿಕೇಟು ಕೊಡುವವಳ ಹಾಗೆ. "ಹತ್ತು ಗಂಟೆ ಕೂತ್ರೂ ಎದ್ದು ಹೋಗಲ್ಲ."

ವೈದ್ಯೆ ಪೆನ್ನು ಕೆಳಗಿಟ್ಟಳು. "ಅಮ್ಮಾ, ಅದೇ ಅವಳನ್ನ ಇಲ್ಲಿಗೆ ತಂದಿರೋದು. ಸೋಂಕು ಕಿಡ್ನಿಗೆ ಏರಿದೆ. ಒಂದು ಕಿಡ್ನಿಗೆ ಆಗಲೇ ಏಟು ಬಿದ್ದಿದೆ. ಈ ಸಲ ಉಳಿಸಿದೀವಿ. ಹೀಗೇ ನೀರು ಬಿಟ್ಟು, ತಡ್ಕೊಂಡು ಕೂತು ಮತ್ತೆ ಮತ್ತೆ ಬಂದ್ರೆ ಆ ಕಿಡ್ನಿ ಉಳಿಯುತ್ತೆ ಅಂತ ನಾನು ಹೇಳಲಾರೆ. ಗಂಟೆಗೊಮ್ಮೆ ಕುಡೀಬೇಕು. ಬಂದಾಗ ಹೋಗ್ಬೇಕು. ಇದರಲ್ಲಿ ನಾಚಿಕೆ ಎಂಥದು?"

ಹೊರಗೆ ಬಂದ ಮೇಲೆ ಅತ್ತೆ ಮೂಗು ಮುರಿದಳು. "ಡಾಕ್ಟ್ರಿಗೇನು ಹೇಳೋಕೆ? ಅವರ ಕುರ್ಚಿ ಪಕ್ಕದಲ್ಲೇ ಕಕ್ಕಸಿದೆ."

"ನಮ್ಮ ಮೇಜಿನ ಪಕ್ಕದಲ್ಲೂ ಇದೆ ಅತ್ತೆ. ಕಟ್ಟು ಆಚೆ ಹಾಕ್ಬೇಕು ಅಷ್ಟೆ," ಎಂದಳು ಸೊಸೆ.

ಮರುದಿನವೇ ಅವಳು ಮಹಡಿ ಹತ್ತಿ ಯಜಮಾನನನ್ನು ಕೇಳಿದಳು. ಅವನು ಸಿಟ್ಟಿನ ಮನುಷ್ಯನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು.

"ನೋಡಮ್ಮಾ, ಆ ಕಟ್ಟು ಪತ್ರಿಕೆಯವರದು. ಎಲ್ಲಿಡ್ಲಿ ಹೇಳು? ವಿಶೇಷ ಸಂಚಿಕೆ ಮುಗೀಲಿ, ನೋಡೋಣ. ಇಷ್ಟು ವರ್ಷ ಯಾರೂ ಕೇಳಿಲ್ಲ, ನಿಮ್ಮತ್ತೇನೂ ಕೇಳಿಲ್ಲ. ಅಂದಹಾಗೆ ಹುಡುಗಿ ಸೋಮವಾರ ಬರ್ತಾಳೆ ತಾನೇ? ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಪಾತ್ರೆ ಕುಕ್ಕಿದಳು. "ಗಂಡಸಿನ ಮುಂದೆ ನಿಂತು ಆ ಮಾತು ಆಡಿದ್ಯಲ್ಲ, ನಾಲಿಗೆ ಹೇಗೆ ಬಂತು? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೇ!"

"ಕಿಡ್ನಿ ಹೋದ್ರೆ ಬರುತ್ತಾ ಅತ್ತೆ?"

"ಸೋಮವಾರ ಅವಳು ಬರ್ತಾಳೆ. ಮನೇಲಿ ಮಲಗಿಸಿದ್ರೆ ರೋಗಿಷ್ಟೆ ಅಂತ ಊರೆಲ್ಲ ಹೇಳುತ್ತೆ. ನಾಳೆ ಯಾರು ಕೈ ಹಿಡೀತಾರೆ? ನಾನು ಮೂವತ್ತು ವರ್ಷ ತಡ್ಕೊಂಡೆ, ಸತ್ತೆನಾ?"

ಸೊಸೆಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕಂಡೂ ಕಾಣದಂತಿದ್ದದ್ದನ್ನು ಆಡಿಯೇಬಿಟ್ಟಳು. "ಹಾಗಾದ್ರೆ ನಿಮ್ಮ ಚೀಲದಲ್ಲಿ ದಿನಾ ಹಳೇ ಬಟ್ಟೆ ತುಂಡು ಯಾಕಿರುತ್ತೆ ಅತ್ತೆ? ಕೆಮ್ಮು ಬಂದ್ರೆ ಯಾಕೆ ಹೆದರ್ತೀರಿ? ನಿಮ್ಮ ಮೈಯೂ ಹಾಳಾಗಿದೆ. ಹೇಳ್ಕೊಳ್ಳೋಕೆ ನಾಚಿಕೆ, ಅಷ್ಟೆ."

ಅತ್ತೆ ಎದ್ದು ಹೋಗಿ, ಆಗಲೇ ಒಣಗಿದ್ದ ಬಟ್ಟೆಗಳನ್ನು ಮತ್ತೆ ಹರವತೊಡಗಿದಳು. ಸೊಸೆಗೆ ಆಡಿದ್ದಕ್ಕೆ ಸಂಕಟವಾಯಿತು, ಆದರೆ ಪಶ್ಚಾತ್ತಾಪವಾಗಲಿಲ್ಲ.

ಸೋಮವಾರ ಪುಟ್ಟಿ ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಮುಖ ಬಿಳಿಚಿಕೊಂಡಿತ್ತು. ಸೊಸೆ ನೀರಿನ ಬಾಟಲಿ ತುಂಬಿ ಅವಳ ಮುಂದಿಟ್ಟಳು. ಹನ್ನೊಂದು ಗಂಟೆಯಾದರೂ ಅದರ ಮುಚ್ಚಳ ತೆರೆಯಲಿಲ್ಲ. "ಕುಡಿದು ಎಲ್ಲಿಗೆ ಹೋಗ್ಲಿ ಅತ್ತಿಗೆ?" ಎಂದಳು ಹುಡುಗಿ, ಮೆಲ್ಲಗೆ.

ಅದೇ ಹೊತ್ತಿಗೆ ಪತ್ರಿಕೆಯ ಸಂಪಾದಕಿಯ ಕಾರು ಬಂತು. ವಿಶೇಷ ಸಂಚಿಕೆ ಮಹಿಳೆಯ ಆರೋಗ್ಯದ ಬಗ್ಗೆಯಂತೆ. ಅದರಲ್ಲಿ 'ನಿಮ್ಮ ಪತ್ರಿಕೆಯ ಹಿಂದಿನ ಕೈಗಳು' ಎಂದು ಎರಡು ಪುಟ, ಫೋಟೋ ಸಮೇತ. ಸಂಪಾದಕಿ ಒಳ್ಳೆಯ ಮುಖದ, ನಯವಾದ ಮಾತಿನ ಹೆಂಗಸು. ಬಂದವಳೇ ಎಲ್ಲರಿಗೂ ಕೈಮುಗಿದಳು. ಆಮೇಲೆ ಯಜಮಾನನ ಕಡೆ ಬಾಗಿ, ಎರಡು ಗಂಟೆ ಪ್ರಯಾಣ ಮಾಡಿ ಬಂದೆ ಎಂದು ತಗ್ಗಿದ ದನಿಯಲ್ಲಿ ಏನೋ ಕೇಳಿದಳು.

"ಅಯ್ಯೋ, ಬನ್ನಿ ಮೇಡಂ, ಬನ್ನಿ!" ಯಜಮಾನ ಜೇಬಿನಿಂದ ಬೀಗದ ಕೈ ತೆಗೆದು ತಾನೇ ಮೆಟ್ಟಿಲು ಹತ್ತಿದ. ಹದಿನಾಲ್ಕು ಜೊತೆ ಕಣ್ಣು ಅವರ ಹಿಂದೆಯೇ ಹತ್ತಿದವು. ಮೇಲಿನಿಂದ ನೀರು ಹರಿದ ಸದ್ದು ಕೊಳವೆಯೊಳಗೆ ಇಳಿದು ಬರುವುದು ಎಲ್ಲರಿಗೂ ಕೇಳಿಸಿತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೋಟೋ ತೆಗೆಯುವವನು ಹದಿನಾಲ್ಕು ಗಾಜಿನ ಲೋಟಗಳಲ್ಲಿ ನೀರು ತುಂಬಿಸಿ ಮೇಜಿನ ಮೇಲೆ ಇಡಿಸಿದ. "ಎಲ್ಲರೂ ಲೋಟ ಎತ್ತಿ, ತುಟಿ ಹತ್ತಿರ ಹಿಡ್ಕೊಳ್ಳಿ. ಕುಡಿಯೋದೇನೂ ಬೇಡ. ಹಾಂ, ನಗು ಇರ್ಲಿ."

ಎಲ್ಲರೂ ಲೋಟ ಎತ್ತಿದರು. ಕುಡಿಯದೆ ಹಿಡಿದುಕೊಳ್ಳುವುದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೊಸೆ ಕುಡಿದಳು. ಗಟಗಟನೆ, ತಳ ಕಾಣುವವರೆಗೆ. ಪುಟ್ಟಿಯ ಲೋಟವನ್ನು ಮುಂದೆ ಸರಿಸಿ, "ಕುಡಿ," ಎಂದಳು. ಪುಟ್ಟಿ ತಾಯಿಯ ಕಡೆ ನೋಡಿದಳು. ತಾಯಿ ಕಣ್ಣಲ್ಲೇ ಬೇಡ ಎಂದಳು.

"ಕುಡಿಯೇ. ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಈಗಲೇ ಕೇಳಿಬಿಡೋಣ." ಸೊಸೆ ಸಂಪಾದಕಿಯ ಕಡೆ ತಿರುಗಿದಳು. "ಮೇಡಂ, ನಾವು ಇಲ್ಲಿ ಹಗಲೆಲ್ಲ ನೀರು ಕುಡಿಯಲ್ಲ. ಎಂಟು ಲೋಟ ಕುಡೀರಿ ಅಂತ ನೀವು ಬರೆದದ್ದನ್ನ ಸಾವಿರ ಸಲ ಮಡಿಸಿದೀನಿ, ಒಂದು ಲೋಟ ಕುಡಿದಿಲ್ಲ. ಈ ಹುಡುಗಿ ಕಿಡ್ನಿ ಹಾಳು ಮಾಡ್ಕೊಂಡು ಆಸ್ಪತ್ರೆಯಿಂದ ಬಂದು ಕೂತಿದಾಳೆ. ಹೆಂಗಸರ ಕಕ್ಕಸಿನಲ್ಲಿ ನಿಮ್ಮ ಹಳೇ ಪತ್ರಿಕೆ ತುಂಬಿದೆ. ಮೇಲಿನದು ನಮಗಲ್ಲ."

ಯಜಮಾನ ಹಲ್ಲು ಕಿರಿದ. "ಏನೋ ತಿಳೀದೆ ಮಾತಾಡ್ತಾಳೆ ಮೇಡಂ..."

ಸಂಪಾದಕಿಯ ಮುಖ ಕೆಂಪಾಯಿತು. "ನನಗೆ ಇದು ಗೊತ್ತೇ ಇರಲಿಲ್ಲ. ಮುಂದಿನ ಸಂಚಿಕೆಯಲ್ಲೇ ಇದರ ಬಗ್ಗೆ ಒಂದು ಒಳ್ಳೇ ಲೇಖನ ಹಾಕೋಣ."

"ಲೇಖನ ಬೇಡ ಮೇಡಂ. ಅದನ್ನೂ ನಾವೇ ತಡ್ಕೊಂಡು ಕೂತು ಮಡಿಸ್ಬೇಕು. ಕಟ್ಟು ಆಚೆ ತೆಗೀತೀವಿ, ನೀವು ಹೂಂ ಅನ್ನಿ."

"ಎಲ್ಲಿಡ್ತೀಯಮ್ಮ ಅಷ್ಟನ್ನ?" ಎಂದ ಯಜಮಾನ.

ಸಂಪಾದಕಿ ಒಮ್ಮೆ ಯಜಮಾನನನ್ನು ನೋಡಿದಳು, ಒಮ್ಮೆ ಪುಟ್ಟಿಯನ್ನು ನೋಡಿದಳು. "ತೆಗೀರಿ," ಎಂದಳು.

ಸೊಸೆ ಆಗಲೇ ಹಿಂದಿನ ಅಂಗಳದಲ್ಲಿದ್ದಳು. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಎಳೆದರೆ ದೂಳು ಮುಖಕ್ಕೆ ಹೊಡೆಯಿತು. ಮೊದಲ ಕಟ್ಟನ್ನು ಅವಳೇ ಎಳೆದಳು. ಎರಡನೆಯದಕ್ಕೆ ಗೋಂದು ಹಚ್ಚುವವಳು ಕೈ ಹಾಕಿದಳು. ಆಮೇಲೆ ಒಬ್ಬೊಬ್ಬರೇ ಸ್ಟೂಲು ಬಿಟ್ಟು ಎದ್ದು ಬಂದು ಸಾಲಾಗಿ ನಿಂತರು. ಕಟ್ಟುಗಳು ಕೈಯಿಂದ ಕೈಗೆ ಹೊರಟವು. ಒಂದೊಂದರ ಮೇಲೂ ಒಬ್ಬೊಬ್ಬ ಚೆಲುವೆ ನಗುತ್ತಿದ್ದಳು.

ಮೇಜಿನಮ್ಮ ಮಾತ್ರ ಕೂತೇ ಇದ್ದಳು. ಕೈಯಲ್ಲಿ ಲೋಟ ಹಾಗೆಯೇ ಇತ್ತು. ಪುಟ್ಟಿ ತನ್ನ ಲೋಟದ ನೀರನ್ನು ಕೊನೆಯ ಹನಿವರೆಗೆ ಕುಡಿದು, ಒಂದು ಕೈಯಿಂದ ಸೊಂಟ ಒತ್ತಿಕೊಂಡು, ಸಾಲಿಗೆ ಸೇರಿ ಕಟ್ಟೊಂದನ್ನು ಎತ್ತಲು ಬಾಗಿದಳು.

"ಏಯ್! ನಿನ್ನೆ ಮೊನ್ನೆ ಆಸ್ಪತ್ರೆಯಿಂದ ಬಂದವಳಿಗೆ ಇದೆಲ್ಲ ಯಾಕೆ? ಬಿಡು!" ಮೂವತ್ತು ವರ್ಷ ಏಳದವಳು ಎದ್ದಿದ್ದಳು. ಬೈಯುತ್ತಲೇ ಬಂದು ಮಗಳ ಕೈಯಿಂದ ಕಟ್ಟನ್ನು ಕಿತ್ತುಕೊಂಡಳು. ಅದನ್ನು ಎತ್ತಿಕೊಂಡು ಎಲ್ಲಿ ಇಡುವುದೆಂದು ಸುತ್ತ ನೋಡಿದಳು. ಆಮೇಲೆ ನೇರವಾಗಿ ಮಹಡಿಯ ಮೆಟ್ಟಿಲ ಮೇಲೆ ಇಟ್ಟಳು.

"ಅಲ್ಲಲ್ಲ ಮೇಜಿನಮ್ಮಾ!" ಎಂದ ಯಜಮಾನ.

"ನಿಮ್ಮ ಕಚೇರಿ ದೊಡ್ಡದಿದೆಯಲ್ಲ ಯಜಮಾನ್ರೇ. ಪತ್ರಿಕೆ ಅಲ್ಲೇ ಚೆನ್ನಾಗಿರುತ್ತೆ, ಗೆದ್ದಲು ಹಿಡಿಯಲ್ಲ."

ಅರ್ಧ ಗಂಟೆಯಲ್ಲಿ ಕೋಣೆಯ ನೆಲ ಕಂಡಿತು. ಯಾರೋ ಎರಡು ಬಕೆಟ್ ನೀರು ತಂದು ಸುರಿದು, ಗುಡಿಸಿ ತೊಳೆದರು. ಮೂರನೆಯ ಬಕೆಟ್ಟನ್ನು ಒಳಗೆ ಇಟ್ಟರು. ಬಾಗಿಲಿನ ಚಿಲಕ ಎಂದೋ ಕಿತ್ತುಹೋಗಿತ್ತು. ಪುಟ್ಟಿ ಹಿಂದೆ ಮುಂದೆ ನೋಡುತ್ತ ನಿಂತಳು. ಅಂಗಳದ ಆಚೆ ಗಂಡಸರಿದ್ದರು.

"ಹೋಗು. ಅವಸರ ಮಾಡ್ಬೇಡ," ಎಂದು ತಾಯಿ ಅವಳನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡಳು. ಅದಕ್ಕೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸೊಸೆ ಬಂದು ಪಕ್ಕದಲ್ಲಿ ನಿಂತಾಗ ಅತ್ತೆ ಅವಳ ಕಡೆ ನೋಡಲಿಲ್ಲ, ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು.

ಯಜಮಾನ ಗಡಿಯಾರ ನೋಡಿಕೊಳ್ಳುತ್ತ ಅಂಗಳಕ್ಕೆ ಬಂದ. "ಹೀಗೆ ಎಲ್ಲರೂ ಎದ್ದು ಬಂದ್ರೆ ಫಾರಂ ಮಡಿಸೋರು ಯಾರು?"

"ಮಡಿಸ್ತೀವಿ ಯಜಮಾನ್ರೇ, ಎಲ್ಲಿಗೂ ಓಡಿಹೋಗಲ್ಲ," ಎಂದಳು ಮೇಜಿನಮ್ಮ, ಅಲ್ಲಾಡದೆ, ಎಲ್ಲ ಗಂಡಸರಿಗೂ ಕೇಳುವಷ್ಟು ಗಟ್ಟಿಯಾಗಿ. "ಮೊದಲು ನಮ್ಮ ಹುಡುಗಿ ಹೊರಗೆ ಬರ್ಲಿ. ಆಮೇಲೆ ನನ್ನ ಸರದಿ ಇದೆ."