ಎಡಗಾಲಿನ ಕೆಂಪು ಪಟ್ಟಿ

ಲುಬ್ಬರ್ಟನನ್ನು ಮರದ ಕುದುರೆಯಿಂದ ಇಳಿಸಿ ಮನೆಗೆ ಕಳಿಸಿದ ಸಂಜೆ ಫೆನ್ನೆ ಗಂಡನನ್ನು ಏನೂ ಕೇಳಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಕೊಟ್ಟಳು. ಅವನು ನಿಂತುಕೊಂಡೇ ಉಣ್ಣಲೆಂದು ಬಟಾಣಿ ಗಂಜಿಯ ಬಟ್ಟಲನ್ನು ಕಿಟಕಿಯ ಹಲಗೆಯ ಮೇಲಿಟ್ಟಳು. ತಪ್ಪು ಮಾಡಿದ ಸೈನಿಕರನ್ನು ಕೂರಿಸಲೆಂದು ಪೇಟೆಯ ನಡುವೆ ನಿಲ್ಲಿಸಿರುವ ಆ ಕುದುರೆಗೆ ಬೆನ್ನೆಂದರೆ ಎರಡು ಹಲಗೆಗಳು ಕೂಡುವ ಚೂಪು ಅಂಚು, ಅಷ್ಟೆ. ಅದರ ಮೇಲೆ ಅರ್ಧ ದಿನ ಕೂತು ಬಂದವನನ್ನು ಏನೆಂದು ಕೇಳುವುದು?

ಕೇಳುವ ಅಗತ್ಯವೂ ಇರಲಿಲ್ಲ. ಕವಾಯತು ನಡೆಯುವುದು ಹೊಳೆದಂಡೆಯ ಹುಲ್ಲುಗಾವಲಿನಲ್ಲಿ. ಫೆನ್ನೆ ಊರವರ ಬಟ್ಟೆ ಒಗೆದು ಬಿಸಿಲಿಗೆ ಹರಡುವುದೂ ಅದೇ ಹುಲ್ಲಿನ ಮೇಲೆ. ಎಲ್ಲವನ್ನೂ ಅವಳು ಕಣ್ಣಾರೆ ಕಂಡಿದ್ದಳು. ಸಾರ್ಜೆಂಟ್ ಗೋಸೆನ್ ಎಡಕ್ಕೆ ಎಂದು ಕೂಗಿದಾಗ ತುಕಡಿಯವರೆಲ್ಲ ಹೇಗೋ ತಡವರಿಸಿ ಎಡಕ್ಕೆ ತಿರುಗಿದರು. ಲುಬ್ಬರ್ಟ್ ಮಾತ್ರ ಬಲಕ್ಕೆ ತಿರುಗಿದ. ಅವನ ಹೆಗಲ ಮೇಲೆ ಓರೆಯಾಗಿದ್ದ, ಮನೆಯ ಮಾಡಿಗಿಂತ ಉದ್ದದ ಭರ್ಜಿಯೂ ಅವನ ಜೊತೆ ತಿರುಗಿತು. ತಿರುಗುವ ದಾರಿಯಲ್ಲಿ ಲೆಫ್ಟಿನೆಂಟನ ಗರಿಯ ಟೋಪಿ ಸಿಕ್ಕಿತು.

ಲೆಫ್ಟಿನೆಂಟ್ ಇನ್ನೂ ಮೀಸೆ ಸರಿಯಾಗಿ ಮೂಡದ ಶ್ರೀಮಂತರ ಮನೆಯ ಮಗ. ಕವಾಯತನ್ನು ಚಿತ್ರಗಳ ಪುಸ್ತಕ ನೋಡಿ ಕಲಿತವನು. ಪುಸ್ತಕದ ಸೈನಿಕರು ಕೆಮ್ಮುವುದಿಲ್ಲ, ಅವರ ಕಾಲುಚೀಲ ಜಾರುವುದಿಲ್ಲ, ಅವರ ಭರ್ಜಿಗಳು ಯಾರ ಟೋಪಿಯನ್ನೂ ಹಾರಿಸುವುದಿಲ್ಲ. ಇನ್ನೊಂದು ಸಲ ಹೀಗಾದರೆ ಈ ಮನುಷ್ಯನನ್ನು ಊರಾಚೆ ಅಟ್ಟಿಬಿಡಿ ಎಂದು ಅವನು ಸಾರ್ಜೆಂಟನಿಗೆ ಹೇಳಿದ್ದ.

ಲುಬ್ಬರ್ಟ್ ಸೈನಿಕನಾದದ್ದು ಶೌರ್ಯಕ್ಕಲ್ಲ. ಅವನು ನೇಕಾರ. ಮಗ್ಗ ನಿಂತುಹೋಯಿತು. ಸೈನ್ಯ ಸೇರಿದರೆ ಕೋಟೆಗೋಡೆಯ ಹಿಂದೆ ಒಂದು ಕೋಣೆ ಕೊಡುತ್ತಾರೆ, ಬಾಗಿಲು ಕಾಯುವುದು, ಗೋಡೆ ಮೇಲೆ ತಿರುಗಾಡುವುದು, ಸಂಜೆಗೆ ಮನೆಯೂಟ ಎಂದು ಯಾರೋ ಹೇಳಿದರು. ಸೇರಿಸಿದವಳು ಫೆನ್ನೆಯೇ. ಅವಳ ಅಣ್ಣ ಹಿಂದಿನ ಮುತ್ತಿಗೆಗೆ ಹೊರಟುಹೋಗಿದ್ದ. ಜೌಗಿನ ಕಂದಕದಲ್ಲಿ ಜ್ವರ ಬಂದು ಸತ್ತ. ಮನೆಗೆ ಅವನ ಬೂಟುಗಳು ಮಾತ್ರ ಬಂದವು. ಗಂಡ ಗೋಡೆಯೊಳಗೇ ಇರಬೇಕು, ಸಂಜೆಗೆ ಮನೆಗೆ ಬರಬೇಕು. ಫೆನ್ನೆಗೆ ಬೇಕಾದದ್ದು ಅಷ್ಟೇ. ಈಗ ಅದಕ್ಕೇ ಕುತ್ತು ಬಂದಿತ್ತು.

ಮರುದಿನದಿಂದ ಉಂಡಾದ ಮೇಲೆ ಹಿತ್ತಲಿನಲ್ಲಿ ಅವಳ ಕವಾಯತು ಶುರುವಾಯಿತು. ಬಟ್ಟೆ ಹರವುವ ಗಳುವೇ ಭರ್ಜಿ. ಲುಬ್ಬರ್ಟ್ ದಡ್ಡನಲ್ಲ. ನೋಡಿದ ಹೂವನ್ನು ಹಾಗೇ ನೆಯ್ಗೆಗೆ ಇಳಿಸುತ್ತಿದ್ದವನು. ಆದರೆ ಮಗ್ಗದ ಮುಂದೆ ಯಾರೂ ಎಡ, ಬಲ ಎಂದು ಕೂಗಿರಲಿಲ್ಲ. ಕೂಗಿದರೆ ಸಾಕು, ಅವನ ಎರಡು ಕೈಗಳೂ ಒಂದೇ ಆಗಿಬಿಡುತ್ತಿದ್ದವು. ಫೆನ್ನೆ ಕೆಲವು ಸಂಜೆ ಇದನ್ನು ಸುಮ್ಮನೆ ನೋಡಿದಳು. ಆಮೇಲೆ ಕೆಂಪು ಉಣ್ಣೆಯ ನೂಲಿನಲ್ಲಿ ಒಂದು ಪಟ್ಟಿ ಹೆಣೆದು, ಕಾಲುಚೀಲ ನಿಲ್ಲಿಸುವ ಹಳೆಯ ಬೂದು ಪಟ್ಟಿ ಬಿಚ್ಚಿ, ಅವನ ಎಡ ಮೊಣಕಾಲ ಕೆಳಗೆ ಇದನ್ನು ಕಟ್ಟಿದಳು.

"ಎಡ ಅಂದ್ರೆ ಕೆಂಪು. ಯೋಚ್ನೆ ಮಾಡ್ಬೇಡ. ಕೆಂಪು ಎಲ್ಲಿದೆಯೋ ಆ ಕಡೆ ತಿರುಗು."

"ಬಲ ಅಂದ್ರೆ?"

"ಕೆಂಪು ಇಲ್ದಿರೋ ಕಡೆ. ಅಷ್ಟೇ ಕಣೋ."

ಅಷ್ಟೇ ಸಾಕಾಯಿತು. ಲುಬ್ಬರ್ಟ್ ಸಾರ್ಜೆಂಟನ ಮಾತನ್ನು ತಲೆಯಲ್ಲಿಟ್ಟು ತಿರುವಿಹಾಕುವುದನ್ನು ಬಿಟ್ಟ. ಮಾತು ಕಿವಿಯಿಂದ ನೇರ ಮೊಣಕಾಲಿಗೆ ಇಳಿಯತೊಡಗಿತು. ಅವನು ತಿರುಗಿದರೆ ಬಾಗಿಲು ಕೀಲಿನಲ್ಲಿ ತಿರುಗಿದ ಹಾಗೆ. ಲೆಫ್ಟಿನೆಂಟ್ ಪುಸ್ತಕದ ಚಿತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಇವನು ಚಿತ್ರದಿಂದಲೇ ಇಳಿದು ಬಂದಿದ್ದಾನೆ ಎಂದು ಖುಷಿಪಟ್ಟು, ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಟೋಪಿಯ ವಿಷಯ ಮರೆತೇಹೋಯಿತು.

ಲುಬ್ಬರ್ಟನ ಹಿಂದೆ ನಿಲ್ಲುವ ಡೆರ್ಕ್ ಎಂಬ ತಮಾಷೆಗಾರ ಒಂದು ಸಂಜೆ ಒಗೆಯಲು ಅಂಗಿ ತಂದುಕೊಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ಅವಳ ಗಂಡನನ್ನು ಹೊಗಳಿದ. ಸಾರ್ಜೆಂಟನ ಗಂಟಲು ಈರುಳ್ಳಿ ಕಷಾಯ ಕುಡಿದೂ ಕುಡಿದೂ ಇನ್ನಷ್ಟು ಕೆಟ್ಟಿದೆ, ಅವನು ಹೇಳುವುದು ಅರ್ಧ ಕೆಮ್ಮು, ಅರ್ಧ ಬೈಗುಳ, ನಡುವೆ ಆಜ್ಞೆ ಯಾವುದೆಂದು ದೇವರಿಗೇ ಗೊತ್ತು ಎಂದ.

"ನಾವ್ಯಾರೂ ಅವರ ಮಾತು ಕೇಳೋದೇ ಇಲ್ಲ ಕಣಕ್ಕಾ. ನಿನ್ನ ಗಂಡನ ಕೆಂಪು ಕಾಲು ನೋಡ್ತೀವಿ. ಭರ್ಜಿಯವರು ತಿರುಗಿದ ಕಡೆ ಕೋವಿಯವರೂ ತಿರುಗ್ತಾರೆ. ಇಲ್ದಿದ್ರೆ ಅವರ ತಲೆ ಉಳಿಯಲ್ವಲ್ಲ."

ಫೆನ್ನೆ ನಾಚಿಕೊಂಡು ಅಂಗಿಯ ಕೊರಳಪಟ್ಟಿಯ ಕೊಳೆ ನೋಡಿದಳು. ಗಂಡನನ್ನು ಹೊಗಳಿದ್ದು ಮನಸ್ಸಿನಲ್ಲಿ ಉಳಿಯಿತು. ಮಿಕ್ಕದ್ದು ಅಂಗಿಯ ಕೊಳೆಯ ಜೊತೆ ಹೋಯಿತು.

ಬೇಸಿಗೆಯ ಮೊದಲಿಗೆ ಸುದ್ದಿ ಬಂತು. ಹೊಳೆಯ ಕೆಳಗಿನ ಊರಿಗೆ ನಮ್ಮವರು ಮುತ್ತಿಗೆ ಹಾಕಿದ್ದಾರೆ, ಜನ ಸಾಲದು. ಕರ್ನಲ್ ಒಬ್ಬರು ಊರೂರಿಗೆ ಬಂದು ಕವಾಯತು ನೋಡುತ್ತಾರೆ. ಚೆನ್ನಾಗಿ ಮಾಡಿದ ತುಕಡಿಯನ್ನು ಕರೆದೊಯ್ಯುತ್ತಾರೆ, ಕೆಟ್ಟದಾಗಿ ಮಾಡಿದ್ದನ್ನು ಗೋಡೆ ಕಾಯಲು ಬಿಡುತ್ತಾರೆ.

ಊರಿನಲ್ಲಿ ಇದರಿಂದ ಸಂತೋಷಪಟ್ಟವರು ಇಬ್ಬರೇ. ಒಬ್ಬ ಲೆಫ್ಟಿನೆಂಟ್. ಇನ್ನೊಬ್ಬ ಸಾರ್ಜೆಂಟ್ ಗೋಸೆನ್. ಅರ್ಧ ಆಯಸ್ಸು ಬೇರೆಯವರನ್ನು ಯುದ್ಧಕ್ಕೆ ತಯಾರು ಮಾಡಿ, ತಾನು ಮಾತ್ರ ಬಟ್ಟೆ ಒಣಗುವ ಹುಲ್ಲಿನ ಮೇಲೆ ಕೂಗಿಕೊಂಡೇ ಮುದುಕನಾದೆ ಎಂಬ ಕೊರಗು ಅವನದು. ಅವನು ಪ್ರತಿ ಭಾನುವಾರ ಬೂಟಿಗೆ ಕೊಬ್ಬು ಸವರಿ ಇಡುತ್ತಿದ್ದ. ಈಗ ದಿನಾ ಸವರತೊಡಗಿದ.

ಫೆನ್ನೆ ತಾನು ಮಾಡಿದ್ದೇನೆಂದು ಆಗ ತಿಳಿದುಕೊಂಡಳು. ಗಂಡ ಕೆಟ್ಟ ಸೈನಿಕನಾದರೆ ಊರಾಚೆ ಅಟ್ಟುತ್ತಾರೆ. ಒಳ್ಳೆಯ ಸೈನಿಕನಾದರೂ ಊರಾಚೆಗೇ. ನಡುವೆ ಎಲ್ಲೋ ಒಂದು ಸಾಧಾರಣ ಜಾಗ ಇತ್ತು, ಅವಳು ಅವನನ್ನು ಅದರಾಚೆ ದಾಟಿಸಿಬಿಟ್ಟಿದ್ದಳು. ಕರ್ನಲ್ ಬರುವ ಆ ಒಂದು ದಿನ ಸುಮ್ಮನೆ ಒಂದು ತಪ್ಪು ಮಾಡು ಎಂದು ಅವನನ್ನು ಕೇಳಿಕೊಂಡಳು. ಮುಂದೆ ನಿಂತವನೇ ತಪ್ಪಿದರೆ ಹಿಂದಿನ ಭರ್ಜಿಗಳೆಲ್ಲ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಕರ್ನಲ್ ಬೇಸರಪಟ್ಟು ಹೋಗುತ್ತಾರೆ.

ಲುಬ್ಬರ್ಟ್ ಎದೆಕವಚ ಉಜ್ಜುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಮತ್ತೆ ಆ ಕುದುರೆ ಮೇಲೆ ಕೂರ್ಸ್ಬೇಕು ಅಂತಿದೀಯಾ ನನ್ನ? ಹುಟ್ಟಿದಾಗಿನಿಂದ ಒಬ್ಬರೂ ನನ್ನನ್ನ ಮುಂದೆ ನಿಲ್ಲಿಸಿರ್ಲಿಲ್ಲ, ಫೆನ್ನೆ."

ಅವಳು ಮತ್ತೆ ಕೇಳಲಿಲ್ಲ. ಮರದ ಕುದುರೆ ಏರಿದವರು ಸಂಜೆಗೆ ಮನೆಗೆ ಬರುತ್ತಾರೆ, ಅಣ್ಣ ಬರಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಕರ್ನಲ್ ಬರುವ ಬೆಳಿಗ್ಗೆ ಅವಳು ದಿನದಂತೆ ಗಂಡನ ಕಾಲಬಳಿ ಕೂತಳು. ಕವಚ ತೊಟ್ಟ ಮೇಲೆ ಅವನಿಗೆ ಬಗ್ಗಲಾಗುವುದಿಲ್ಲ. ಪಟ್ಟಿ ಕಟ್ಟುವುದು ಯಾವಾಗಲೂ ಅವಳ ಕೆಲಸ. ಅವನು ರೈ ರೊಟ್ಟಿ ಕಚ್ಚುತ್ತಾ, ಕರ್ನಲ್ ಯಾವ ಬಣ್ಣದ ಕುದುರೆಯಲ್ಲಿ ಬರಬಹುದೆಂದು ಮಾತಾಡುತ್ತಿದ್ದ. ಅವಳು ಬೂದು ಪಟ್ಟಿಯನ್ನು ಎಡಗಾಲಿಗೆ ಕಟ್ಟಿದಳು, ಕೆಂಪನ್ನು ಬಲಗಾಲಿಗೆ. ಗಂಟನ್ನು ಎಂದಿಗಿಂತ ಬಿಗಿಯಾಗಿ ಹಾಕಿದಳು. ಅವನು ಕೆಳಗೆ ನೋಡಿದ, ಕೆಂಪು ಇದೆಯೆಂದು ಖಚಿತಪಡಿಸಿಕೊಂಡ, ಭರ್ಜಿ ಎತ್ತಿಕೊಂಡು ಹೊರಟ. ಆ ಹೊತ್ತಿಗೆ ಅವನಿಗೆ ತನ್ನ ಮೈಗಿಂತ ಆ ಪಟ್ಟಿಯ ಮೇಲೇ ಹೆಚ್ಚು ನಂಬಿಕೆ ಇತ್ತು.

ಹುಲ್ಲುಗಾವಲಿನ ಒಂದು ಪಕ್ಕ ಕೋಟೆಗೋಡೆ, ಇನ್ನೊಂದು ಪಕ್ಕ ಹೊಳೆ. ಕರ್ನಲ್ ಗೋಡೆಯ ಕಡೆ ಕುರ್ಚಿ ಹಾಕಿಸಿಕೊಂಡು ಕೂತರು. ಬಿಳಿಯ ಗಡ್ಡ, ಬಿಸಿಲಿಗೆ ಕಂದಿದ ಮುಖ, ಏನನ್ನೂ ಮೆಚ್ಚಿ ಅಭ್ಯಾಸವಿಲ್ಲದ ಕಣ್ಣು. ಎಲ್ಲರೂ ಎಡಕ್ಕೆ ತಿರುಗಿ ಅವರಿಗೆ ಮುಖ ಕೊಡಬೇಕು, ಮುಂದೆ ನಡೆದು ಅವರ ಹತ್ತಿರ ನಿಲ್ಲಬೇಕು. ಪುಸ್ತಕದಲ್ಲಿ ಹಾಗಿತ್ತು. ಫೆನ್ನೆ ಒದ್ದೆ ದುಪ್ಪಟಿಯೊಂದನ್ನು ಹಿಂಡುವಂತೆ ಹಿಡಿದು ದಂಡೆಯಲ್ಲಿ ನಿಂತಿದ್ದಳು. ಸಾರ್ಜೆಂಟ್ ಸಾಲಿನ ಮುಂದೆ ಬಂದ, ಲುಬ್ಬರ್ಟನ ಕಾಲುಗಳ ಮೇಲೆ ಕಣ್ಣು ಹಾಯಿಸಿದ, ಒಂದು ಗಳಿಗೆ ತಡೆದ. ಆಮೇಲೆ ಇದ್ದಬದ್ದ ಗಂಟಲನ್ನೆಲ್ಲ ಸುರಿದು ಎಡಕ್ಕೆ ಎಂದು ಕೂಗಿದ.

ಲುಬ್ಬರ್ಟ್ ಕೆಂಪಿನ ಕಡೆ ತಿರುಗಿದ. ಅವನ ಹಿಂದಿನವನು ಕೆಂಪಿನ ಕಡೆ ತಿರುಗಿದ. ಅವನ ಹಿಂದಿನವನೂ, ಪಕ್ಕದ ಸಾಲುಗಳೂ, ತಲೆ ಉಳಿಸಿಕೊಳ್ಳಲು ಕೋವಿಯವರೂ. ಒಂದು ಭರ್ಜಿ ತೊಡರಲಿಲ್ಲ, ಒಂದು ಟೋಪಿ ಬೀಳಲಿಲ್ಲ. ಇಡೀ ತುಕಡಿ ಒಂದೇ ಮೈಯಂತೆ ಕರ್ನಲ್‌ಗೆ ಬೆನ್ನು ಕೊಟ್ಟು ಹೊಳೆಗೆ ಮುಖ ಮಾಡಿ ನಿಂತಿತು.

ಎಲ್ಲಿ ಏನಾಯಿತೆಂದು ಲೆಫ್ಟಿನೆಂಟನಿಗೆ ಹೊಳೆಯುವುದರೊಳಗೆ ತಮಟೆಯವನು ಅಭ್ಯಾಸಬಲದಿಂದ ನಡಿಗೆಯ ಬಡಿತ ಶುರುಮಾಡಿದ. ತುಕಡಿ ನಡೆಯಿತು. ಫೆನ್ನೆ ಹರಡಿದ್ದ ಬಿಳಿಯ ಬಟ್ಟೆಗಳ ಮೇಲೆ ನಡೆಯಿತು, ಜೊಂಡಿನೊಳಗೆ ಇಳಿಯಿತು, ನೀರಿಗಿಳಿಯಿತು. ನಿಲ್ಲಿ ಎನ್ನಲು ಸಾರ್ಜೆಂಟ್ ಬಾಯಿ ತೆರೆದ. ಬಾಯಿ ಮಾತ್ರ ತೆರೆಯಿತು. ದನಿ ಆಗಲೇ ಮುಗಿದುಹೋಗಿತ್ತು. ಲುಬ್ಬರ್ಟ್ ಮೊಣಕಾಲುದ್ದದ ನೀರಿನಲ್ಲಿ, ಆಮೇಲೆ ಸೊಂಟದುದ್ದದ ನೀರಿನಲ್ಲಿ, ಭರ್ಜಿ ನೆಟ್ಟಗೆ ಹಿಡಿದು ನಡೆದ. ಕೋವಿಯವರು ಮದ್ದಿಗೆ ಕಿಡಿ ಮುಟ್ಟಿಸುವ ಬತ್ತಿ ನೆನೆಯದಂತೆ ಕೈ ಮೇಲೆತ್ತಿಕೊಂಡರು. ಒಬ್ಬನೂ ತಿರುಗಿ ನೋಡಲಿಲ್ಲ. ಫೆನ್ನೆ ದುಪ್ಪಟಿ ಎಸೆದು ಓಡಿ ತಮಟೆಯವನ ಕೈ ಹಿಡಿದುಕೊಂಡಳು. ಬಡಿತ ನಿಂತಿತು, ತುಕಡಿಯೂ ನಿಂತಿತು.

ಯಾರಾದರೂ ನಗಬಹುದೆಂದು ಫೆನ್ನೆ ಕಾದಳು. ನಕ್ಕರೆ ಎಲ್ಲ ಸರಿಯಾಗುತ್ತಿತ್ತು. ಕರ್ನಲ್ ಕುರ್ಚಿಯಿಂದೆದ್ದು ದಂಡೆಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಮುತ್ತಿಗೆಯ ಜಾಗ ಪೂರ್ತಿ ಜೌಗು. ಅಲ್ಲಿರೋರು ಪಾದ ನೆಂದ್ರೆ ಗೊಣಗ್ತಾರೆ," ಎಂದರು ಲೆಫ್ಟಿನೆಂಟನಿಗೆ. "ನಂಗೆ ಬೇಕಾಗಿದ್ದು ಇಂಥವರೇ. ತಪ್ಪು ಮಾತಿಗೂ ಒಟ್ಟಿಗೇ ತಿರುಗಿದ್ರಲ್ಲ."

ತಪ್ಪು ಮಾತು ಯಾರದೆಂದು ಯಾರೂ ಕೇಳುವ ಹಾಗಿರಲಿಲ್ಲ. ಅಷ್ಟು ಜನ ಒಟ್ಟಿಗೆ ತಪ್ಪಿರಲು ಸಾಧ್ಯವಿಲ್ಲ. ಆದ್ದರಿಂದ ಸಾರ್ಜೆಂಟನೇ ಬಲಕ್ಕೆ ಎಂದಿರಬೇಕು. ಅವನಿಗೆ ಇಲ್ಲವೆನ್ನಲು ದನಿ ಇರಲಿಲ್ಲ. ಎಡಬಲ ತಿಳಿಯದ ಮುದುಕನನ್ನು ಗೋಡೆ ಕಾಯಲು ಬಿಟ್ಟು, ಮಿಕ್ಕವರನ್ನು ದೋಣಿಗೆ ಹತ್ತಿಸಿ ಎಂದು ಅಪ್ಪಣೆಯಾಯಿತು.

ದೋಣಿ ಹೊರಡುವ ಬೆಳಿಗ್ಗೆ ಫೆನ್ನೆ ಕೆಂಪು ಪಟ್ಟಿಯನ್ನು ಎಡಗಾಲಿಗೆ ಕಟ್ಟಿದಳು. ಗಂಟು ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು.

"ಎಲ್ಲಾ ಇದರ ಪುಣ್ಯ," ಎಂದ ಲುಬ್ಬರ್ಟ್, ಕಾಲು ಮುಂದೆ ಚಾಚಿ ನೋಡಿಕೊಳ್ಳುತ್ತಾ. "ಬಂದ್ಮೇಲೆ ನಿಂಗೊಂದು ಲಂಗಕ್ಕಾಗೋಷ್ಟು ಬಟ್ಟೆ ನೇಯ್ದು ಕೊಡ್ತೀನಿ."

ಹಣ್ಣೆಲೆ ಉದುರುವ ಕಾಲಕ್ಕೆ ದೋಣಿಯವನೊಬ್ಬ ಸುದ್ದಿ ತಂದ. ತುಕಡಿ ಕಂದಕದಲ್ಲಿದೆ. ಲುಬ್ಬರ್ಟ್ ಬದುಕಿದ್ದಾನೆ, ಅವನನ್ನು ಕಾರ್ಪೊರಲ್ ಮಾಡಿದ್ದಾರೆ. ಹೊಳೆಗಿಳಿದ ತುಕಡಿಯ ಗುರುತೆಂದು ಎಲ್ಲರೂ ಎಡಗಾಲಿಗೆ ಕೆಂಪು ಪಟ್ಟಿ ಕಟ್ಟಬೇಕೆಂದು ಲೆಫ್ಟಿನೆಂಟ್ ಆಜ್ಞೆ ಮಾಡಿದ್ದಾನೆ. ಇರುವಷ್ಟು ಕೆಂಪು ನೂಲಿನಲ್ಲಿ ಫೆನ್ನೆ ಪಟ್ಟಿಗಳನ್ನು ಹೆಣೆದು ಕಳಿಸಬೇಕಂತೆ.

ಫೆನ್ನೆ ಬಾಗಿಲಲ್ಲಿ ಕೂತು ಹೆಣೆಯತೊಡಗಿದಳು. ಗಂಡ ಅಲ್ಲಿ ಒಂದು ಸಲವೂ ತಪ್ಪು ತಿರುಗಬಾರದು ಎಂಬ ಒಂದೇ ಯೋಚನೆ ಅವಳ ಬೆರಳುಗಳಲ್ಲಿತ್ತು. ಪಕ್ಕದಲ್ಲಿ ಸಾರ್ಜೆಂಟ್ ಗೋಸೆನ್ ಬಂದು ನಿಂತದ್ದು ತಡವಾಗಿ ತಿಳಿಯಿತು. ಅವನ ದನಿ ಸ್ವಲ್ಪ ಮರಳಿತ್ತು. ಗೋಡೆ ಕಾಯಲು ಹೊಸಬರು ಬಂದಿದ್ದಾರೆ, ಹಳ್ಳಿಯವರು, ಒಬ್ಬನಿಗೂ ಎಡಬಲ ತಿಳಿಯುವುದಿಲ್ಲ ಎಂದ. ಕಣ್ಣು ಅವಳ ಮಡಿಲಿನ ಮೇಲಿತ್ತು.

"ಆವತ್ತು ಬಲಗಾಲಲ್ಲಿತ್ತು. ನಾನು ನೋಡ್ದೆ," ಎಂದ.

ಅವಳ ಕೈ ನಿಂತಿತು. "ನೋಡಿ ಮತ್ಯಾಕೆ ಹಾಗೇ ಕೂಗಿದ್ರಿ, ಸಾರ್ಜೆಂಟ್ರೇ?"

"ಮತ್ತೇನಮ್ಮ, ಸಾರ್ಜೆಂಟ್ ಆದವನು ಒಬ್ಬನ ಕಾಲುಪಟ್ಟಿ ನೋಡ್ಕೊಂಡು ಆಜ್ಞೆ ಕೊಡೋಕಾಗುತ್ತಾ?"

ಅವನ ಬೂಟುಗಳು ಕೊಬ್ಬಿನಿಂದ ಮಿರಮಿರ ಮಿಂಚುತ್ತಿದ್ದವು. ಹೊಸಬರಿಗೆ ಒಂದೆರಡು ಪಟ್ಟಿ ಸಿಗುತ್ತದೆಯೇ ಎಂದು ಕೊನೆಗೂ ಕೇಳಿದ.

"ಕೆಂಪು ಮುಗಿದುಹೋಯ್ತು," ಎಂದಳು ಫೆನ್ನೆ.

ಅವಳ ಮಡಿಲಲ್ಲಿದ್ದ ಕೆಂಪು ಉಂಡೆಯನ್ನು ಇಬ್ಬರೂ ನೋಡಿದರು. ಸಾರ್ಜೆಂಟ್ ತಲೆಯಾಡಿಸಿ ಹುಲ್ಲುಗಾವಲಿನ ಕಡೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಒಡಕು ದನಿ, ಎಡಕ್ಕೆ ಎಂದು ಕೂಗುವುದು, ಅಲ್ಲಿಂದ ಕೇಳಿಸಿತು.