ಕೆಂಪು ದಾರಿ, ನೀಲಿ ದಾರಿ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಯಂತ್ರದ ಕೋಣೆಗೆ ಕೆಲಸಕ್ಕೆ ಸೇರಿದವರಿಗೆ ಹೆತ್ತವರಿಟ್ಟ ಹೆಸರು ಬಹಳ ದಿನ ಉಳಿಯುತ್ತಿರಲಿಲ್ಲ. ಕೆಂಪು ಕೇಬಲ್ ನೋಡಿಕೊಳ್ಳುವವಳು ಕೆಂಪಕ್ಕ, ನೀಲಿ ಕೇಬಲ್ ನೋಡಿಕೊಳ್ಳುವವನು ನೀಲಣ್ಣ. ಸಂಬಳದ ಚೀಟಿಯಲ್ಲಿ ಬೇರೆ ಹೆಸರುಗಳಿದ್ದವು ನಿಜ, ಆದರೆ ಅವನ್ನು ಕೂಗಿದರೆ ಇಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಅವನು ಇವಳನ್ನು ಅಕ್ಕ ಅನ್ನುತ್ತಿದ್ದ, ಇವಳು ಅವನನ್ನು ಅಣ್ಣ ಅನ್ನುತ್ತಿದ್ದಳು. ಇಬ್ಬರಲ್ಲಿ ದೊಡ್ಡವರು ಯಾರು ಅನ್ನುವುದು ತೀರ್ಮಾನವಾಗದೆಯೇ ಇಬ್ಬರ ತಲೆಯೂ ನೆರೆಯಿತು.

ಅವರ ಕೆಲಸ ಇಷ್ಟು. ಕೋಣೆಯ ಒಂದು ಗೋಡೆಯುದ್ದಕ್ಕೂ ಸರ್ವರ್‌ಗಳು, ಎದುರು ಗೋಡೆಗೆ ಡಿಸ್ಕ್ ತುಂಬಿದ ಬೀರುಗಳು. ರೋಗಿಗಳ ಸ್ಕ್ಯಾನು, ಎಕ್ಸ್-ರೇ, ರಕ್ತದ ವರದಿ ಎಲ್ಲ ಆ ಬೀರುಗಳಲ್ಲಿ. ಮೇಲಿನ ಮಹಡಿಯಲ್ಲಿ ವೈದ್ಯರು ಒಂದು ಚಿತ್ರ ಕೇಳಿದರೆ ಸರ್ವರ್ ಅದನ್ನು ಬೀರುವಿನಿಂದ ತಂದು ಕೊಡಬೇಕು. ಆ ನಡುವಿನ ಓಡಾಟಕ್ಕೆಂದೇ ಒಂದು ಪ್ರತ್ಯೇಕ ನೆಟ್‌ವರ್ಕ್ ಇತ್ತು. ಆಸ್ಪತ್ರೆಯ ಮಿಕ್ಕ ಇಮೇಲು, ಫೋನುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅದರಲ್ಲೂ ಎರಡು ದಾರಿ. ಪ್ರತಿ ಸರ್ವರಿನಿಂದ ಒಂದು ಕೆಂಪು ಕೇಬಲ್, ಒಂದು ನೀಲಿ ಕೇಬಲ್ ಹೊರಟು, ಮಾಹಿತಿಗೆ ದಾರಿ ತೋರುವ ಬೇರೆ ಬೇರೆ ಸ್ವಿಚ್‌ಗಳನ್ನು ಹಾದು, ಎಲ್ಲಿಯೂ ಒಂದನ್ನೊಂದು ಸೋಕದೆ ಬೀರು ಸೇರುತ್ತಿದ್ದವು. ಒಂದು ಕೈ ಕೊಟ್ಟರೆ ಇನ್ನೊಂದು ನಡೆಸಿಕೊಂಡು ಹೋಗಬೇಕು.

ಇದನ್ನು ಕಟ್ಟಿಸಿದ ಹಳೆಯ ಮುಖ್ಯಸ್ಥೆ ಭಾರಿ ಕಟ್ಟುನಿಟ್ಟಿನ ಹೆಂಗಸು. ಒಬ್ಬನೇ ಮನುಷ್ಯ ಎರಡೂ ದಾರಿಯಲ್ಲಿ ಕೈಯಾಡಿಸಿದರೆ ಒಂದೇ ತಪ್ಪನ್ನು ಎರಡು ಸಲ ಮಾಡುತ್ತಾನೆ ಎನ್ನುವುದು ಆಕೆಯ ನಂಬಿಕೆ. ಹಾಗಾಗಿ ಕೆಂಪಿನವರು ನೀಲಿ ಮುಟ್ಟಕೂಡದು, ನೀಲಿಯವರು ಕೆಂಪು ಮುಟ್ಟಕೂಡದು, ಇಬ್ಬರಲ್ಲಿ ಒಬ್ಬರು ಸದಾ ಆಸ್ಪತ್ರೆಯಲ್ಲಿ ಇರಲೇಬೇಕು ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿ, ಕೆಲವು ವರ್ಷಕ್ಕೆ ಆಕೆ ಬೇರೆ ಊರಿಗೆ ಹೊರಟುಹೋದಳು. ಆಕೆ ಹೋದರೂ ಮಾತು ಹೋಗಲಿಲ್ಲ. ಕೆಂಪಕ್ಕ ಮತ್ತು ನೀಲಣ್ಣ ಅದನ್ನು ಇಡೀ ಆಯಸ್ಸು ಪಾಲಿಸಿದರು, ಆಯಸ್ಸು ಹಾಗೇ ಕಳೆದುಹೋಯಿತು.

ಈ ನಿಯಮದಿಂದ ಆದದ್ದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕೆಲಸದ ದಿನ ಇಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು, ಆದರೆ ಒಬ್ಬರಿಗೆ ರಜೆಯೆಂದರೆ ಇನ್ನೊಬ್ಬರಿಗೆ ಕಾವಲು. ಕೆಂಪಕ್ಕನ ಮಗಳ ಮದುವೆಯ ದಿನ ನೀಲಣ್ಣ ಕೋಣೆಯಲ್ಲಿದ್ದ. ನೀಲಣ್ಣನ ತಾಯಿ ತೀರಿಕೊಂಡಾಗ ಕೆಂಪಕ್ಕ ಕೋಣೆಯಲ್ಲಿದ್ದಳು. ಸ್ವಿಚ್‌ಗಳ ಹಸಿರು ದೀಪಗಳನ್ನು ನೋಡುತ್ತಾ ಒಬ್ಬಳೇ ಕೂತು ಅತ್ತಳು. ಅವನ ಮನೆಯ ಬಚ್ಚಲ ಬಾಗಿಲು ಕಿರುಗುಟ್ಟುವುದು ಅವಳಿಗೆ ಗೊತ್ತು, ಅವನ ಹೆಂಡತಿಯ ಮಂಡಿನೋವು ಗೊತ್ತು, ಆ ಹೆಂಡತಿಯ ದನಿಯನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಾಳೆ. ಆ ಮನೆಯ ಹೊಸಲು ಮಾತ್ರ ತುಳಿದವಳಲ್ಲ. ಅವನು ಮನೆಯಲ್ಲಿದ್ದ ದಿನವೆಲ್ಲ ಇವಳು ಇಲ್ಲಿ ಇರಬೇಕಾಗಿತ್ತು.

ಈ ಕಾವಲು ಶುರುವಾಗುವುದಕ್ಕೂ ಮೊದಲಿನ ದಿನಗಳೆಂದರೆ ಕೆಂಪಕ್ಕನಿಗೆ ಇವತ್ತಿಗೂ ಹಿತ. ಕೋಣೆಯ ನೆಲದ ಹಲಗೆಗಳನ್ನು ಎಬ್ಬಿಸಿ, ಅಡಿಯಲ್ಲಿ ಬೋರಲು ಮಲಗಿ, ಮೊದಲ ಕೇಬಲ್‌ಗಳನ್ನು ಇಬ್ಬರೂ ಎಳೆದದ್ದು. ಅವನು ನೀಲಿಯನ್ನು ಉತ್ತರದ ಗೋಡೆಗುಂಟ ಒಯ್ದ, ಇವಳು ಕೆಂಪನ್ನು ದಕ್ಷಿಣಕ್ಕೆ. ನೆಲದಡಿಯ ಕತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಮೈಯೆಲ್ಲ ಧೂಳು ಮಾಡಿಕೊಂಡು ಹರಟುತ್ತಿದ್ದರು. ಆಗ ತಾನೇ ಅವನಿಗೆ ಮದುವೆಯಾಗಿತ್ತು, ಹೆಂಡತಿಯನ್ನು ಹೊಗಳುವುದೇ ಒಂದು ಕೆಲಸ. ಇವಳು ಸಾಕು ಮಾಡಿ ಅಣ್ಣ, ಕೇಬಲ್‌ಗೂ ನಾಚಿಕೆ ಆಗುತ್ತೆ ಅಂತ ರೇಗಿಸುತ್ತಿದ್ದಳು. ಅಷ್ಟು ಸಂತೋಷ ಆಮೇಲೆ ಅವಳಿಗೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಈಗ ಆ ಸ್ವಿಚ್‌ಗಳಿಗೆ ಬಿಡಿಭಾಗ ಸಿಗುತ್ತಿರಲಿಲ್ಲ. ಹೊಸ ಸ್ಕ್ಯಾನ್ ಯಂತ್ರಗಳು ಬಂದು ಚಿತ್ರಗಳ ಗಾತ್ರ ಬೆಳೆದಿತ್ತು, ಹಳೆಯ ನೆಟ್‌ವರ್ಕ್ ಏದುಸಿರು ಬಿಡುತ್ತಿತ್ತು. ಹೊಸದನ್ನು ಆರಿಸುವ ಹೊಣೆಯನ್ನು ನಿರ್ದೇಶಕರು ಕೆಂಪಕ್ಕನ ತಲೆಗೆ ಕಟ್ಟಿದರು. ಮಾರಲು ಬಂದವರು ದಿನಕ್ಕೊಬ್ಬರಂತೆ ಅಂಗೈಯಲ್ಲಿ ಅರಮನೆ ತೋರಿಸಿ ಹೋದರು. ಅವರ ಮಾತಿನ ನೊರೆಯನ್ನೆಲ್ಲ ತೆಗೆದ ಮೇಲೆ ಕೊನೆಗೆ ಉಳಿದದ್ದು ಎರಡು. ಒಂದು, ಹಳೆಯದರ ಹಾಗೆಯೇ ಡಿಸ್ಕ್ ಬೀರುಗಳ ಸ್ಟೋರೇಜ್‌ಗೆಂದೇ ಪ್ರತ್ಯೇಕ ಫೈಬರ್ ನೆಟ್‌ವರ್ಕ್. ಇನ್ನೊಂದು, ಎಲ್ಲರೂ ಬಳಸುವ ಸಾಮಾನ್ಯ ಜಾತಿಯ ಸ್ವಿಚ್‌ಗಳ ಮೇಲೆಯೇ ಸ್ಟೋರೇಜನ್ನೂ ಓಡಿಸುವುದು. ಅದರಲ್ಲೂ ಎರಡು ದಾರಿ ಇರುತ್ತವೆ, ಆದರೆ ಎರಡನ್ನೂ ಮೇಲಿನ ಮಹಡಿಯ ನೆಟ್‌ವರ್ಕ್ ತಂಡ ಒಂದೇ ಪರದೆಯಲ್ಲಿ ನೋಡಿಕೊಳ್ಳುತ್ತದೆ. ನೆಲಮಾಳಿಗೆಯಲ್ಲಿ ಯಾರೂ ಕಾವಲು ಕೂರಬೇಕಿಲ್ಲ.

ನಿರ್ದೇಶಕರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ. ಮೊದಲನೆಯದಾದರೆ ಇಬ್ಬರೂ ಇರುತ್ತೀರಿ, ಎರಡನೆಯದಾದರೆ ಬೀರುಗಳನ್ನು ನೋಡಿಕೊಳ್ಳಲು ಒಬ್ಬರು ಸಾಕು, ಆ ಒಬ್ಬರು ನೀವು, ಇನ್ನೊಬ್ಬರನ್ನು ಅವಧಿಗೆ ಮುಂಚೆ ನಿವೃತ್ತಿ ಮಾಡಿ ಕಳಿಸುತ್ತೇವೆ ಎಂದರು. ಕೆಂಪಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಹಳೆಯ ಬಗೆಯದನ್ನೇ ಆರಿಸಲು ಅವಳಿಗೆ ಕಾರಣ ಬೇಕಾಗಿತ್ತು, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಧೈರ್ಯ ತಂದುಕೊಂಡಳು.

ಕಾರಣ ಸಿಗಲೆಂದೇ ಪರೀಕ್ಷೆ ಏರ್ಪಡಿಸಿದಳು. ಸಾಮಾನ್ಯ ಸ್ವಿಚ್‌ಗಳನ್ನು ಎರವಲು ತರಿಸಿ ಮೂಲೆಯಲ್ಲಿ ಜೋಡಿಸಿ, ಎಲ್ಲ ವಾರ್ಡುಗಳೂ ಒಟ್ಟಿಗೆ ಚಿತ್ರ ಕೇಳುವ ಹಾಗೆ ಮಾಡಿದಳು. ತಡವಾಗಲಿಲ್ಲ. ಅದರ ಮೇಲೆ ಎಲ್ಲ ಚಿತ್ರಗಳ ನಕಲು ತೆಗೆಯುವ ಬ್ಯಾಕಪ್ ಹೊರಿಸಿದಳು. ತಾಳಿಕೊಂಡಿತು. ನಡುವೆಯೇ ಒಂದು ಸ್ವಿಚ್‌ನ ವಿದ್ಯುತ್ ಕಿತ್ತಳು. ಎಲ್ಲ ಕೆಲಸವೂ ಉಳಿದ ದಾರಿಗೆ ಹೊರಳಿಕೊಂಡಿತು, ಪರದೆಯ ಮೇಲೆ ವೇಗ ತೋರಿಸುವ ಗೆರೆ ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು. ಕೆಂಪಕ್ಕನ ಮುಖ ಸಪ್ಪಗಾಯಿತು. ಮಾರನೆಯ ದಿನ ಇನ್ನಷ್ಟು ಭಾರ ಹೇರಿದಳು, ಅದರ ಮಾರನೆಯ ದಿನ ಮತ್ತಷ್ಟು. ಇಷ್ಟು ರೋಗಿಗಳು ಬರಬೇಕಾದರೆ ಊರಿಗೆ ಊರೇ ಹಾಸಿಗೆ ಹಿಡಿಯಬೇಕು. ಕೊನೆಗೂ ಗೆರೆ ಕುಸಿಯಿತು. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ನೀಲಣ್ಣ ಅವಳ ಬೆನ್ನ ಹಿಂದೆ ಟೀ ಹಿಡಿದು ನಿಂತಿದ್ದ.

"ಅಕ್ಕ, ಇಷ್ಟು ಭಾರ ಹಾಕಿದ್ರೆ ನಮ್ಮ ಹಳೇದೂ ಮಲ್ಕೊಂಡುಬಿಡುತ್ತೆ. ಇದು ಪರೀಕ್ಷೆ ಅಲ್ಲ, ಸೇಡು."

"ಬಿತ್ತಲ್ಲ ಅಣ್ಣ. ಬಿತ್ತು ಅಂತಾನೇ ಬರೀತೀನಿ."

ಅವನು ಟೀ ಲೋಟಗಳನ್ನು ಮೇಜಿನ ಮೇಲಿಟ್ಟು ಸ್ಟೂಲು ಎಳೆದುಕೊಂಡ. ಅವನಿಗೆ ಎಲ್ಲ ಗೊತ್ತಿತ್ತು. ನಿರ್ದೇಶಕರು ಅವನಿಗೂ ಹೇಳಿದ್ದರು. ಅವನಿಗೇನು ಆಸೆ ಇರಲಿಲ್ಲವೇ? ಇನ್ನೂ ಕೆಲವು ವರ್ಷ ಇಲ್ಲೇ ಇರಬೇಕು ಅಂತ ಅವನಿಗೂ ಇತ್ತು. ಮನೆಯಲ್ಲಿ ಕೂತು ಏನು ಮಾಡಬೇಕೋ ತಿಳಿಯದು ಅಂತ ಹಿಂದಿನ ವಾರವೇ ಅಂದಿದ್ದ. ಆದರೂ ಅವನು ಒಂದು ಲೋಟವನ್ನು ಅವಳ ಕಡೆ ಸರಿಸಿ ಹೇಳಿದ.

"ನನ್ನ ಕುರ್ಚಿನ ಲೆಕ್ಕಕ್ಕೆ ತಗೋಬೇಡಿ. ಮೇಲೆ ಮಲಗಿರೋರಿಗೆ ನಮ್ಮಿಬ್ಬರ ಸ್ನೇಹ ಗೊತ್ತಿಲ್ಲ. ಅವ್ರಿಗೆ ಚಿತ್ರ ಬೇಗ ಬರ್ಬೇಕು, ಅಷ್ಟೆ. ನಾಳೆ ನಾವಿಬ್ಬರೂ ಇಲ್ದೇ ಹೋದ್ರೆ ಆ ಫೈಬರ್ ರಿಪೇರಿ ಮಾಡೋಕೆ ಯಾರು ಬರ್ತಾರೆ, ನೀವೇ ಹೇಳಿ."

ಆ ವಿದ್ಯೆ ಬಲ್ಲ ಹೊಸಬರು ಸಿಗುತ್ತಿಲ್ಲ ಎನ್ನುವುದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ಹಳೆಯ ದಾರಿಯೇ ಬೇಕು ಎನ್ನಲು ಅವಳ ಹತ್ತಿರ ಇದ್ದ ಒಂದೇ ಕಾರಣ ಎದುರಿಗೆ ಟೀ ಕುಡಿಯುತ್ತಾ ಕೂತಿತ್ತು. ವರದಿಯಲ್ಲಿ ಆ ಕಾರಣ ಬರೆಯಲು ಜಾಗವಿರಲಿಲ್ಲ. ಅವನ ಮೇಲೆ ವಿಪರೀತ ಸಿಟ್ಟು ಬಂತು. ಒಂದು ಮಾತು, ನನ್ನನ್ನು ಉಳಿಸಿ ಅಕ್ಕ ಅಂತ ಒಂದು ಮಾತು ಅಂದಿದ್ದರೆ ಅವಳು ಸುಳ್ಳನ್ನೂ ಬರೆದುಬಿಡುತ್ತಿದ್ದಳು. ಅವನು ಅನ್ನಲಿಲ್ಲ. ಅವಳು ಪರೀಕ್ಷೆಯ ಭಾರವನ್ನು ನ್ಯಾಯವಾದ ಮಟ್ಟಕ್ಕೆ ಇಳಿಸಿ, ಮತ್ತೆ ನಡೆಸಿ, ಬಂದದ್ದನ್ನು ಬಂದ ಹಾಗೆ ಬರೆದು ಸಾಮಾನ್ಯ ಸ್ವಿಚ್‌ಗಳಿಗೇ ಸಹಿ ಹಾಕಿದಳು. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ.

ಬದಲಾವಣೆ ಒಂದು ಭಾನುವಾರ ಮಧ್ಯಾಹ್ನ ಮುಗಿಯಿತು. ಹಳೆಯ ಕೇಬಲ್‌ಗಳನ್ನು ಕೀಳುವಾಗ ನೀಲಣ್ಣ ನೀಲಿಯ ಒಂದು ತುದಿ ಹಿಡಿದುಕೊಳ್ಳಲು ಅವಳನ್ನು ಕರೆದ. ಅವಳು ಕೈ ಚಾಚಿ, ಹಿಂದಕ್ಕೆಳೆದುಕೊಂಡು, ಮತ್ತೆ ಚಾಚಿದಳು. ಇನ್ನು ಬೈಯೋಕೆ ಯಾರಿದ್ದಾರೆ, ಹಿಡ್ಕೊಳ್ಳಿ ಎಂದು ಅವನು ನಕ್ಕ. ಇಬ್ಬರೂ ಸೇರಿ ಅಷ್ಟನ್ನೂ ಸುತ್ತಿ ಗಂಟು ಕಟ್ಟಿದರು.

ಅವನ ಬೀಳ್ಕೊಡುಗೆ ಮೇಲಿನ ಸಭಾಂಗಣದಲ್ಲಿ. ಭಾಷಣಕ್ಕೆ ಕೆಂಪಕ್ಕನ ಹೆಸರು ಕರೆದಾಗ ಅವಳಿರಲಿಲ್ಲ. ಎಲ್ಲರೂ ಅತ್ತ ಇತ್ತ ನೋಡಿದರು. ನೀಲಣ್ಣ ಮಾತ್ರ ಹುಡುಕಲು ಹೋಗದೆ ಹೆಂಡತಿಯ ಕೈ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದ.

ಅವಳು ನೆಲಮಾಳಿಗೆಯ ಕೋಣೆಯಲ್ಲಿ, ಹೊಸ ಸ್ವಿಚ್‌ಗಳ ಎದುರು, ಅದೇ ಕುರ್ಚಿಯಲ್ಲಿ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟು ಸಭೆಗೆಂದೇ ಹೊರಟವಳು. ಅವನಿಗೆ ಸಮಾರಂಭವೆಂದರೆ ತಾನು ಇಲ್ಲಿ ಇರಬೇಕು ಎಂದು ಕಾಲುಗಳೇ ತಂದು ಕೂರಿಸಿದ್ದವು. ಬಾಗಿಲಲ್ಲಿ ಇಬ್ಬರನ್ನೂ ನೋಡಿ ಗಾಬರಿಯಿಂದ ಎದ್ದಳು.

"ಈಗ ಇಲ್ಲಿ ಯಾರೂ ಇರಬೇಕಾಗಿಲ್ಲ ಅಕ್ಕ," ಎಂದ ನೀಲಣ್ಣ. "ನೀವೇ ಆರಿಸಿದ್ದು."

ಅವನ ಹೆಂಡತಿ ಮಂಡಿ ಹಿಡಿದುಕೊಂಡು ಒಳಗೆ ಬಂದು, ಕೋಣೆಯನ್ನೊಮ್ಮೆ, ಕೆಂಪಕ್ಕನನ್ನೊಮ್ಮೆ ನೋಡಿದಳು. ದನಿ ಬಲ್ಲವರು ಮುಖ ನೋಡಿದ್ದು ಅದೇ ಮೊದಲು.

"ನಿಮ್ಮ ಕಾವಲಿನ ದಿನ ಇವ್ರು ಫೋನನ್ನ ಅಡುಗೆಮನೇಲಿ ಬಿಟ್ಟು ಬಂದು ಮಲಗ್ತಿದ್ರು," ಎಂದಳು. "ಯಾಕೆ ಅಂತ ಕೇಳಿದ್ರೆ, ಅಕ್ಕ ಇದ್ದಾರಲ್ಲ ಅನ್ನೋರು. ನನಗೆ ಗಂಡ ಪೂರ್ತಿ ಸಿಕ್ಕಿದ್ದು ಆ ದಿನಗಳಲ್ಲೇ."

ಕೆಂಪಕ್ಕ ಮುಂದೆ ಬಂದು ಆಕೆಯನ್ನು ತಬ್ಬಿಕೊಂಡಳು. ಸಹಿ ಹಾಕಿದಂದಿನಿಂದ ತಡೆದುಕೊಂಡಿದ್ದ ಅಳು ಆ ಅಪರಿಚಿತಳ ಹೆಗಲ ಮೇಲೆ ಬಂತು, ತಡೆಯಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. ಅಳು ಮುಗಿದ ಮೇಲೆ ಮೂವರೂ ಹೊರಗೆ ಬಂದರು. ಅಭ್ಯಾಸದಂತೆ ಅವಳು ಬಾಗಿಲ ಹತ್ತಿರ ನಿಂತು, ನೀವು ಹೋಗಿ, ನಾನಿರ್ತೀನಿ ಅನ್ನಲು ಬಾಯಿ ತೆರೆದಳು. ನೀಲಣ್ಣ ದೀಪ ಆರಿಸಿದ. ಕತ್ತಲ ಕೋಣೆಯಲ್ಲಿ ಯಂತ್ರಗಳು ತಮ್ಮ ಪಾಡಿಗೆ ಓಡುತ್ತಲೇ ಇದ್ದವು. ಅವಳು ಬಾಗಿಲೆಳೆದುಕೊಂಡು ಅವರ ಜೊತೆ ಮೆಟ್ಟಿಲು ಹತ್ತಿದಳು.